ಆಚೆ ಕೇರಿಯ ಹುಡುಗ ಜಾಕ್ ಸ್ಟೀನ್

ಕೇಳುಗರಿಗೆ ನಮಸ್ಕಾರ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಎರಡು ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳಿವೆ. ಸೆಲ್ಟಿಕ್‌ನವರದು ಹಸಿರು-ಬಿಳಿ ಅಡ್ಡಪಟ್ಟೆಯ ಅಂಗಿ, ರೇಂಜರ್ಸ್‌ನವರದು ನೀಲಿ ಅಂಗಿ. ವ್ಯತ್ಯಾಸ ಅಂಗಿಯದಷ್ಟೇ ಆಗಿದ್ದರೆ ನನ್ನ ಮಾತು ಇಲ್ಲಿಗೇ ಮುಗಿಯುತ್ತಿತ್ತು. ಐರ್ಲೆಂಡಿನಿಂದ ವಲಸೆ ಬಂದ ಬಡ ಕ್ಯಾಥೊಲಿಕರ ಮಕ್ಕಳ ಹೊಟ್ಟೆಗೆ ನಾಲ್ಕು ಕಾಸು ಕೂಡಿಸೋಣವೆಂದು 1887ರಲ್ಲಿ ಬ್ರದರ್ ವಾಲ್‌ಫ್ರಿಡ್ ಎಂಬ ಧರ್ಮಬಂಧು ಕಟ್ಟಿದ್ದು ಸೆಲ್ಟಿಕ್. ರೇಂಜರ್ಸ್ ಪ್ರಾಟೆಸ್ಟೆಂಟರ ಕ್ಲಬ್ಬು. ಕ್ಯಾಥೊಲಿಕ್ ಆಟಗಾರರನ್ನು ಅದು ದಶಕಗಟ್ಟಲೆ ಹೊಸಿಲಾಚೆಯೇ ನಿಲ್ಲಿಸಿತ್ತು. ಒಬ್ಬ ಮನುಷ್ಯ ಯಾವ ತಂಡದ ಕಡೆಯವನೆಂದು ತಿಳಿದರೆ ಸಾಕು, ಅವನ ಮನೆಯವರು ಯಾವ ಚರ್ಚಿಗೆ ಹೋಗುತ್ತಾರೆಂದು ಆ ಊರಿನಲ್ಲಿ ಹೇಳಿಬಿಡುತ್ತಿದ್ದರು.

ಮುಂದೆ ಸೆಲ್ಟಿಕ್ ತಂಡವನ್ನು ಕಟ್ಟಿ ಬೆಳೆಸಿದ ಜಾಕ್ ಸ್ಟೀನ್ ಹುಟ್ಟಿದ್ದು ಈ ಬೇಲಿಯ ಆಚೆಗೆ, ರೇಂಜರ್ಸ್ ಕಡೆಗೆ. 1922ರ ಅಕ್ಟೋಬರ್ 5, ಲ್ಯಾನಾರ್ಕ್‌ಶೈರ್ ಜಿಲ್ಲೆಯ ಬರ್ನ್‌ಬ್ಯಾಂಕ್. ಕಲ್ಲಿದ್ದಲು ಗಣಿಗಳ ಸೀಮೆ ಅದು. ಅವರದು ಪ್ರಾಟೆಸ್ಟೆಂಟ್ ಮನೆ, ತಂದೆ ರೇಂಜರ್ಸ್ ಅಭಿಮಾನಿ. ಶಾಲೆ ಬಿಟ್ಟ ಹುಡುಗ ಸ್ವಲ್ಪ ದಿನ ಕಾರ್ಪೆಟ್ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಆ ಕಡೆಯ ಗಂಡುಮಕ್ಕಳೆಲ್ಲ ಇಳಿಯುತ್ತಿದ್ದ ಗಣಿಗೇ ಇಳಿದ.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಮ್ಯಾಂಚೆಸ್ಟರ್ ಯುನೈಟೆಡ್ ಕಟ್ಟಿದ ಮ್ಯಾಟ್ ಬಸ್ಬಿ, ಲಿವರ್‌ಪೂಲ್ ಕಟ್ಟಿದ ಬಿಲ್ ಶ್ಯಾಂಕ್ಲಿ, ಸೆಲ್ಟಿಕ್‌ನ ಸ್ಟೀನ್, ಈ ಮೂವರೂ ಸ್ಕಾಟ್ಲೆಂಡಿನ ಗಣಿಸೀಮೆಯವರು, ಮೂವರೂ ಇದ್ದಲು ಅಗೆದವರು. ಇದು ಆಕಸ್ಮಿಕವೆಂದು ನನಗನಿಸುವುದಿಲ್ಲ. ನೆಲದಡಿಯ ಕತ್ತಲಲ್ಲಿ ಪಕ್ಕದವನು ಎಚ್ಚರ ತಪ್ಪಿದರೆ ಸಾಯುವವನು ನೀನು. ಅಲ್ಲಿ ಅವನ ಚರ್ಚು ಯಾವುದೆಂದು ಕೇಳುವಷ್ಟು ಪುರುಸೊತ್ತು ಯಾರಿಗಿದೆ?

1942ರಿಂದ ಎಂಟು ವರ್ಷ ಸ್ಟೀನ್ ಆಲ್ಬಿಯನ್ ರೋವರ್ಸ್ ಎಂಬ ಸಣ್ಣ ಕ್ಲಬ್ಬಿನಲ್ಲಿ ಸೆಂಟರ್ ಹಾಫ್, ಅಂದರೆ ರಕ್ಷಣೆಯ ನಟ್ಟನಡುವೆ ನಿಲ್ಲುವವ, ಆಗಿ ಆಡಿದರು. ವಾರದ ದಿನಗಳಲ್ಲಿ ಗಣಿ, ಶನಿವಾರ ಮೈದಾನ. 1950ರಲ್ಲಿ ವೇಲ್ಸ್‌ನ ಲನೆಲ್ಲಿ ಕ್ಲಬ್ ಸಂಬಳ ಕೊಟ್ಟು ಕರೆದಾಗ ಗಣಿ ಬಿಟ್ಟು ಹೊರಟರು. ಅದು ಲೀಗಿನ ಲೆಕ್ಕಕ್ಕೂ ಬಾರದ ತಂಡ. ಹೆಂಡತಿ ಮತ್ತು ಮಗಳೂ ವೇಲ್ಸ್‌ಗೆ ಬಂದ ಮೇಲೆ ಇತ್ತ ಊರಿನ ಖಾಲಿ ಮನೆಗೆ ಕಳ್ಳರು ನುಗ್ಗಿದರು, ಒಂದಲ್ಲ ಎರಡು ಸಲ. ವಯಸ್ಸು 29. ಆಟ ಸಾಕು, ಊರಿಗೆ ಹೋಗಿ ಮತ್ತೆ ಗಣಿ ಸೇರೋಣ ಎಂಬ ಹಂತಕ್ಕೆ ಬಂದಿದ್ದರು.

ಅಷ್ಟರಲ್ಲಿ ಸೆಲ್ಟಿಕ್‌ನಿಂದ ಕರೆ ಬಂತು. ಕರೆದದ್ದು ಮೊದಲ ತಂಡಕ್ಕಲ್ಲ. ರಿಸರ್ವ್ ತಂಡದ ಎಳೆ ಹುಡುಗರ ನಡುವೆ ಅನುಭವಸ್ಥನೊಬ್ಬ ಬೇಕಿತ್ತು. ಕ್ಲಬ್ಬಿನ ಜಿಮ್ಮಿ ಗ್ರಿಬ್ಬೆನ್ ಎಂಬ ಹಿರಿಯ ತರಬೇತುದಾರರಿಗೆ ಸ್ಟೀನ್ ಹೆಸರು ನೆನಪಾಯಿತು. ಸೆಲ್ಟಿಕ್ ಕೊಟ್ಟದ್ದು 1,200 ಪೌಂಡ್. 1951ರ ಡಿಸೆಂಬರಿನಲ್ಲಿ ಬಂದರು. ಬಂದ ಕೆಲವೇ ದಿನಕ್ಕೆ ಮೊದಲ ತಂಡದ ಸೆಂಟರ್ ಹಾಫ್‌ಗಳು ಒಬ್ಬರ ಹಿಂದೊಬ್ಬರು ಗಾಯಗೊಂಡು, ಸ್ಟೀನ್ ಒಳಗೆ ಬಂದರು. ಮುಂದೆ ಐರ್ಲೆಂಡಿನ ಶಾನ್ ಫ್ಯಾಲನ್ ಕ್ಯಾಪ್ಟನ್ ಆದಾಗ ತಮ್ಮ ಉಪನಾಯಕನನ್ನಾಗಿ ಸ್ಟೀನರನ್ನು ಆರಿಸಿಕೊಂಡರು. ಫ್ಯಾಲನ್ ತೋಳು ಮುರಿದುಕೊಂಡರು, ನಾಯಕತ್ವ ಸ್ಟೀನರ ಪಾಲಿಗೆ ಬಂತು. ಹಣೆಬರಹವೆಂದರೆ ಇದೇ ಇರಬೇಕು. 1953ರಲ್ಲಿ ಕಾರೊನೇಷನ್ ಕಪ್, 1954ರಲ್ಲಿ ಲೀಗ್ ಮತ್ತು ಸ್ಕಾಟಿಷ್ ಕಪ್ ಎರಡೂ ಸೆಲ್ಟಿಕ್‌ಗೆ. ಈ ಖುಷಿಗೆ ಕ್ಲಬ್ ತನ್ನ ಆಟಗಾರರನ್ನು ಸ್ವಿಟ್ಜರ್ಲೆಂಡಿನ ವಿಶ್ವಕಪ್ ನೋಡಲು ಕರೆದೊಯ್ದಿತು. ಉಳಿದವರಿಗೆ ಅದು ಪ್ರವಾಸ. ಹಂಗೇರಿಯವರ ಆಟ ಕಂಡ ಸ್ಟೀನರಿಗೆ ಮಾತ್ರ ಅದು ಪಾಠಶಾಲೆ.

ಆದರೆ ಮೇಲಿನ ಕೇರಿ ಕೆಳಗಿನ ಕೇರಿಯ ಲೆಕ್ಕ ಹುಟ್ಟೂರಲ್ಲಿ ಇದ್ದೇ ಇತ್ತು. ಹಸಿರು ಅಂಗಿ ತೊಟ್ಟರೆಂಬ ಒಂದೇ ಕಾರಣಕ್ಕೆ ಹಳೆಯ ಗೆಳೆಯರು ಕೆಲವರು ಅವರೊಡನೆ ಮಾತು ಬಿಟ್ಟರು.

ಕೊನೆಗೆ ಅವರ ಆಟ ನಿಲ್ಲಿಸಿದ್ದು ಕಾಲಿನ ಹರಡು. ಗಾಯ ವಾಸಿಯಾಗದೆ 1957ರ ಜನವರಿಯಲ್ಲಿ ನಿವೃತ್ತಿ. ಸೆಲ್ಟಿಕ್ ರಿಸರ್ವ್ ತಂಡದ ಹುಡುಗರನ್ನು ಅವರ ಕೈಗೆ ಕೊಟ್ಟಿತು. ಅದಕ್ಕಿಂತ ಮೇಲೆ ಹೋಗುವ ದಾರಿ ಕಾಣಲಿಲ್ಲ. ಅಲ್ಲಿಯವರೆಗೆ ಸೆಲ್ಟಿಕ್ ಕಂಡ ಮೂವರು ಮ್ಯಾನೇಜರುಗಳೂ ಕ್ಯಾಥೊಲಿಕರು.

1960ರ ಮಾರ್ಚಿನಲ್ಲಿ ಡನ್‌ಫರ್ಮ್‌ಲಿನ್ ಎಂಬ, ಕೆಳಗಿನ ಡಿವಿಷನ್ನಿಗೆ ಬೀಳುವುದರಲ್ಲಿದ್ದ ತಂಡ ಅವರನ್ನು ಕರೆಯಿತು. ಹೋದವರೇ ಮೊದಲ ಆರು ಪಂದ್ಯ ಗೆಲ್ಲಿಸಿ ತಂಡವನ್ನು ಉಳಿಸಿದರು. ಮರುವರ್ಷ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಎದುರಾದವರು ಯಾರು? ಸೆಲ್ಟಿಕ್! ಮೊದಲ ಪಂದ್ಯ ಗೋಲಿಲ್ಲದೆ ಡ್ರಾ, ಮತ್ತೆ ಆಡಿದಾಗ ಡನ್‌ಫರ್ಮ್‌ಲಿನ್ 2-0. ತಾವು ಕೈಬಿಟ್ಟದ್ದು ಏನನ್ನು ಎಂದು ಸೆಲ್ಟಿಕ್ ಆಡಳಿತದವರಿಗೆ ಅಂದೇ ಅರ್ಥವಾಗಿರಬೇಕು. ಒಪ್ಪಿಕೊಳ್ಳಲು ಮಾತ್ರ ಇನ್ನೂ ನಾಲ್ಕು ವರ್ಷ ಹಿಡಿಯಿತು.

ನಡುವೆ 1963ರಲ್ಲಿ ಸ್ಟೀನ್ ಇಟಲಿಯ ಮಿಲಾನ್‌ಗೆ ಹೋಗಿಬಂದರು. ಅಲ್ಲಿನ ಇಂಟರ್ ತಂಡಕ್ಕೆ ಹೆಲೆನಿಯೊ ಹೆರೆರಾ ಕೋಚ್. ಅವರ ಪದ್ಧತಿಯ ಹೆಸರು ಕತೆನಾಚ್ಚೊ, ಅಂದರೆ ಅಗುಳಿ. ಎದುರಾಳಿಯ ಒಬ್ಬೊಬ್ಬನಿಗೂ ಒಬ್ಬೊಬ್ಬ ಕಾವಲು. ಎಲ್ಲರ ಹಿಂದೆ, ತಪ್ಪಿ ಬಂದ ಚೆಂಡನ್ನು ಗುಡಿಸಿಹಾಕಲು ಇನ್ನೊಬ್ಬ. ಬಾಗಿಲಿಗೆ ಅಗುಳಿ ಹಾಕಿ ಕೂತು, ಸಂದು ಸಿಕ್ಕಾಗ ಓಡಿಹೋಗಿ ಒಂದು ಗೋಲು ಹೊಡೆದು ಬರುವುದು. ಸ್ಟೀನ್ ಅದನ್ನೆಲ್ಲ ಹತ್ತಿರ ಕೂತು ನೋಡಿಕೊಂಡು ಬಂದರು.

ಎಡಿನ್‌ಬರೋದ ಹಿಬರ್ನಿಯನ್ ತಂಡದಲ್ಲಿ ವರ್ಷದೊಳಗೆ ಅಷ್ಟಿಷ್ಟು ಕೆಲಸ ಮಾಡಿ, 1965ರ ಮಾರ್ಚಿನಲ್ಲಿ ಅವರು ಸೆಲ್ಟಿಕ್‌ನ ಮ್ಯಾನೇಜರ್ ಆದರು. ಆ ಕ್ಲಬ್ಬಿನ ಮೊದಲ ಪ್ರಾಟೆಸ್ಟೆಂಟ್ ಮ್ಯಾನೇಜರ್. ಸಹಾಯಕರು ಅದೇ ಶಾನ್ ಫ್ಯಾಲನ್. ಒಬ್ಬ ಕ್ಯಾಥೊಲಿಕ್ ಹುಡುಗ, ಒಬ್ಬ ಪ್ರಾಟೆಸ್ಟೆಂಟ್ ಹುಡುಗ, ಇಬ್ಬರೂ ಸಮ ಆಟಗಾರರಾದರೆ ನೀವು ಯಾರನ್ನು ತೆಗೆದುಕೊಳ್ಳುತ್ತೀರಿ ಎಂದು ಕೇಳಿದವರಿಗೆ ಸ್ಟೀನ್ ಹೇಳುತ್ತಿದ್ದರಂತೆ: ಪ್ರಾಟೆಸ್ಟೆಂಟನನ್ನೇ, ಇನ್ನೊಬ್ಬನನ್ನು ರೇಂಜರ್ಸ್ ಹೇಗೂ ಮುಟ್ಟುವುದಿಲ್ಲವಲ್ಲ! ತಮಾಷೆಯ ಮಾತು, ಆದರೆ ಬಾರುಕೋಲಿನ ಏಟು.

ಏಪ್ರಿಲಿನಲ್ಲೇ ಸ್ಕಾಟಿಷ್ ಕಪ್ ಬಂತು. 1966ರಿಂದ 1974ರವರೆಗೆ ಲೀಗ್ ಪ್ರಶಸ್ತಿ ಸತತ ಒಂಬತ್ತು ಸಲ. ಆದರೂ ಇದೆಲ್ಲವನ್ನೂ ಬದಿಗಿಟ್ಟು ನಾನು ನಿಲ್ಲುವುದು 1967ರ ಮೇ 25ರಂದು, ಲಿಸ್ಬನ್ ನಗರದ ಹೊರವಲಯದ ಮೈದಾನದಲ್ಲಿ. ಯುರೋಪಿನ ಬೇರೆ ಬೇರೆ ದೇಶಗಳ ಲೀಗ್ ಗೆದ್ದ ಕ್ಲಬ್ಬುಗಳು ಸೆಣಸುವ ಯುರೋಪಿಯನ್ ಕಪ್ಪಿನ ಫೈನಲ್. ಎದುರಿಗೆ ಅದೇ ಇಂಟರ್, ಅದೇ ಹೆರೆರಾ. ಸೆಲ್ಟಿಕ್‌ನ ಹನ್ನೊಂದು ಜನರೂ ತಮ್ಮ ಮೈದಾನದಿಂದ ಮೂವತ್ತು ಮೈಲಿಯೊಳಗೆ ಹುಟ್ಟಿದವರು. ಗೋಲ್‌ಕೀಪರ್ ರಾನಿ ಸಿಂಪ್ಸನ್‌ಗೆ 36 ವರ್ಷ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟುಗಳನ್ನು ಕೆಲವು ಆಟಗಾರರು ಬಿಚ್ಚಿ ಸಿಂಪ್ಸನ್ ಅವರ ಟೋಪಿಯಲ್ಲಿ ಹಾಕಿ ಗೋಲಿನೊಳಗೆ ಇಟ್ಟಿದ್ದರು; ಗೆದ್ದರೆ ಫೋಟೋಗೆ ಬೇಕಲ್ಲ!

ಏಳನೆಯ ನಿಮಿಷಕ್ಕೇ ಜಿಮ್ ಕ್ರೇಗ್ ಎದುರಾಳಿಯನ್ನು ಕೆಡವಿ ಪೆನಾಲ್ಟಿ. ಮಜ್ಜೋಲಾ ಹೊಡೆದರು, ಇಂಟರ್ 1-0. ಇನ್ನು ಅಗುಳಿ ಬಿತ್ತು ಎಂದುಕೊಂಡವರೇ ಎಲ್ಲ. ಸ್ಟೀನರ ಉಪಾಯ ಸರಳ. ಇಂಟರ್‌ನವರು ಮನುಷ್ಯನನ್ನು ಹಿಂಬಾಲಿಸಿ ಕಾಯುವವರಲ್ಲವೇ? ಹಾಗಾದರೆ ಮುಂದಿನವರು ಅತ್ತಿತ್ತ ಓಡಿ ಕಾವಲುಗಾರರನ್ನು ಎಳೆದುಕೊಂಡು ಹೋಗಲಿ, ಖಾಲಿಯಾದ ಜಾಗಕ್ಕೆ ಹಿಂದಿನ ಫುಲ್‌ಬ್ಯಾಕ್‌ಗಳು ನುಗ್ಗಲಿ. ಅಲೆಯ ಮೇಲೆ ಅಲೆ. ಚೆಂಡು ಎರಡು ಸಲ ಅಡ್ಡಕಂಬಕ್ಕೆ ಬಡಿಯಿತು. 63ನೆಯ ನಿಮಿಷ. ಪೆನಾಲ್ಟಿಗೆ ಕಾರಣನಾದ ಅದೇ ಕ್ರೇಗ್ ಚೆಂಡು ಕೊಟ್ಟರು, ಇನ್ನೊಬ್ಬ ಫುಲ್‌ಬ್ಯಾಕ್ ಟಾಮಿ ಜೆಮ್ಮೆಲ್ ಓಡಿಬಂದು ಒದ್ದರು. 1-1. ಆಟ ಮುಗಿಯಲು ಐದಾರು ನಿಮಿಷವಿರುವಾಗ ಸ್ಟೀವಿ ಚಾಮರ್ಸ್ ಚೆಂಡಿನ ದಿಕ್ಕು ತಿರುಗಿಸಿ ಎರಡನೆಯದು. ಇಂಟರ್‌ಗೆ ಅಂದು ನಡುಮೈದಾನದಲ್ಲಿ ಆಟ ಹೆಣೆಯುವ ಸ್ವಾರೆಸ್ ಇರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಆದರೆ ಅಂದಿನ ಆಟ ನೋಡಿದವರು ಅದನ್ನು ನೆಪವಾಗಿ ಒಪ್ಪಲಾರರು. ಗುರುವಿಗೆ ತಿರುಮಂತ್ರವೆಂದರೆ ಅದು. ಬ್ರಿಟನ್ನಿನ ಒಂದು ಕ್ಲಬ್ ಆ ಕಪ್ ಎತ್ತಿದ್ದು ಅದೇ ಮೊದಲು.

ಆಟಗಾರರ ಮನಸ್ಸು ಓದುವುದರಲ್ಲೂ ಸ್ಟೀನ್ ಗಟ್ಟಿಗರು. ಪುಟ್ಟ ವಿಂಗರ್ ಜಿಮ್ಮಿ ಜಾನ್‌ಸ್ಟನ್‌ಗೆ ವಿಮಾನವೆಂದರೆ ಪ್ರಾಣಭಯ. 1968ರಲ್ಲಿ ಬೆಲ್‌ಗ್ರೇಡಿನ ರೆಡ್ ಸ್ಟಾರ್ ವಿರುದ್ಧ ತವರಿನ ಪಂದ್ಯ ಅರ್ಧವೇಳೆಗೆ 1-1. ನಾಲ್ಕು ಗೋಲಿನ ಅಂತರದಲ್ಲಿ ಗೆದ್ದರೆ ಮರುಪಂದ್ಯಕ್ಕೆ ನೀನು ಬೆಲ್‌ಗ್ರೇಡಿಗೆ ಬರುವುದೇ ಬೇಡ ಎಂದರು ಸ್ಟೀನ್. ಜಾನ್‌ಸ್ಟನ್ ಮೈಮೇಲೆ ದೇವರು ಬಂದವರಂತೆ ಆಡಿದರು. ಫಲಿತಾಂಶ 5-1.

ಎಲ್ಲ ಸಲವೂ ಎಣಿಕೆ ಸರಿಬರಲಿಲ್ಲ. 1970ರ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ಲೀಡ್ಸ್ ತಂಡವನ್ನು ಸೋಲಿಸಿದ್ದನ್ನು ಹ್ಯಾಂಪ್ಡನ್ ಪಾರ್ಕಿನಲ್ಲಿ 1,36,505 ಜನ ಕಂಡರು. ಫೈನಲ್‌ನಲ್ಲಿ ಹಾಲೆಂಡಿನ ಫೆಯೆನೂರ್ಡ್ ತಂಡವನ್ನು ಸ್ಟೀನರೇ ಹಗುರವಾಗಿ ಕಂಡು ಸೋತರು. 1975ರಲ್ಲಿ ಹೆದ್ದಾರಿಯಲ್ಲಿ ತಪ್ಪು ದಿಕ್ಕಿನಿಂದ ಬಂದ ಕಾರು ಗುದ್ದಿ ಸಾವಿನ ಬಾಯಿಗೆ ಹೋಗಿಬಂದರು. ಮುಂದೆ ಕೆನ್ನಿ ಡಾಲ್ಗ್ಲಿಷ್ ಲಿವರ್‌ಪೂಲ್‌ಗೆ ಹೋದರು, ತಂಡ ಸೊರಗಿತು, 1978ರಲ್ಲಿ ಸ್ಟೀನ್ ಕೆಳಗಿಳಿದರು. ಲೀಡ್ಸ್‌ನಲ್ಲಿ 44 ದಿನ. ಅಲ್ಲಿಂದ ಸ್ಕಾಟ್ಲೆಂಡ್ ರಾಷ್ಟ್ರೀಯ ತಂಡ. 1982ರ ವಿಶ್ವಕಪ್ಪಿಗೆ ತಂಡವನ್ನು ಕರೆದೊಯ್ದರು.

1985ರ ಸೆಪ್ಟೆಂಬರ್ 10. ಕಾರ್ಡಿಫ್ ನಗರದ ನಿನಿಯನ್ ಪಾರ್ಕ್, ಎದುರಾಳಿ ವೇಲ್ಸ್. ಒಂದು ಡ್ರಾ ಸಿಕ್ಕರೂ ವಿಶ್ವಕಪ್ಪಿನ ದಾರಿ ತೆರೆದಿರುತ್ತದೆ. ಪಕ್ಕದಲ್ಲಿ ಸಹಾಯಕರಾಗಿ ಅಲೆಕ್ಸ್ ಫರ್ಗ್ಯೂಸನ್. ಮಾರ್ಕ್ ಹ್ಯೂಸ್ ಗೋಲಿನಿಂದ ವೇಲ್ಸ್ ಮುಂದೆ. ಅರ್ಧವೇಳೆಯಲ್ಲಿ ಗೋಲ್‌ಕೀಪರ್ ಲೇಟನ್ ಕಾಂಟ್ಯಾಕ್ಟ್ ಲೆನ್ಸ್ ಕಳೆದುಕೊಂಡದ್ದು ಗೊತ್ತಾಗಿ ಅಲನ್ ರಫ್ ಅವರನ್ನು ಇಳಿಸಬೇಕಾಯಿತು. ಸ್ಟೀನರ ಮುಖ ಬಿಳಿಚಿತ್ತು, ಹಣೆಯಲ್ಲಿ ಬೆವರು. ಆ ಹೊತ್ತಿನಲ್ಲಿ ಅವರು ಸ್ಟ್ರಾಕನ್ ಅವರನ್ನು ಹೊರಕರೆದು ಡೇವಿ ಕೂಪರ್ ಅವರನ್ನು ಒಳಗೆ ಕಳಿಸಿದರು. ಕೂಪರ್ ರೇಂಜರ್ಸ್ ಆಟಗಾರ. 81ನೆಯ ನಿಮಿಷ ಪೆನಾಲ್ಟಿ ಸಿಕ್ಕಿತು, ಒದೆಯಲು ನಿಂತವರು ಕೂಪರ್. ವೇಲ್ಸ್ ಗೋಲ್‌ಕೀಪರ್ ಸೌತಾಲ್ ಹಾರಿದರು, ಚೆಂಡು ಒಳಗೆ ಹೋಯಿತು.

ಆಟ ಮುಗಿಯುವ ಹೊತ್ತಿಗೆ ಸ್ಟೀನ್ ಮೈದಾನದ ಅಂಚಿನಲ್ಲೇ ಕುಸಿದರು. ಎತ್ತಿಕೊಂಡು ಒಳಗೆ ಒಯ್ದ ಕೋಣೆಯಲ್ಲೇ ಕೊನೆಯುಸಿರು, ವಯಸ್ಸು 62. ಗೆದ್ದಷ್ಟೇ ಸಂಭ್ರಮದಿಂದ ಹೊರಗೆ ಬಂದಿದ್ದ ಸ್ಕಾಟ್ಲೆಂಡಿನ ಸಾವಿರಾರು ಜನ, ಹಸಿರು ಕೇರಿಯವರೂ ನೀಲಿ ಕೇರಿಯವರೂ, ಸುದ್ದಿ ಕೇಳಿ ಬೀದಿಯಲ್ಲೇ ಸದ್ದಿಲ್ಲದೆ ನಿಂತರು.

ನಮಸ್ಕಾರ.