ಬಟ್ಟೆಗೆ ಏನು ಬಂತು, ಏನು ಹೋಯಿತು?

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಉಪನ್ಯಾಸ ನನ್ನ ಪಾಲಿಗೆ ಬಂದಿದೆ. ಆಗಲೇ ಅಡುಗೆಮನೆ ಕಡೆಯಿಂದ ಒಗ್ಗರಣೆ ವಾಸನೆ ಬರ್ತಾ ಇದೆ. ನನಗೂ ಹಸಿವಿದೆ, ಹಾಗಾಗಿ ಬೇಗ ಮುಗಿಸುತ್ತೇನೆ. ಹೀಗೆ ಹೇಳಿದವರು ಯಾರೂ ಬೇಗ ಮುಗಿಸಿಲ್ಲ, ಅದು ಬೇರೆ ಮಾತು.

ಒಳಗೆ ಬರುವಾಗ ಕಾರಿಡಾರಿನಲ್ಲಿ ನೀವು ಹಚ್ಚಿರುವ ಪೋಸ್ಟರುಗಳನ್ನು ಓದಿಕೊಂಡು ಬಂದೆ. ಚೆನ್ನಾಗಿವೆ. ನೀರು ಇಳಿಯದ ಬಟ್ಟೆ, ಕೊಳೆ ಹಿಡಿಯದ ಬಟ್ಟೆ, ಬೆಂಕಿ ಹತ್ತದ ಬಟ್ಟೆ, ಬ್ಯಾಕ್ಟೀರಿಯಾ ಕೊಲ್ಲುವ ಬಟ್ಟೆ. ಕೋಟಿಂಗ್, ಅಂದರೆ ಬಟ್ಟೆ ಮೇಲೆ ಬಳಿಯುವ ಪಾಲಿಮರ್ ಪದರ, ಹಾಕಿದ ಮೇಲೆ ಬಟ್ಟೆಗೆ ಏನು ಬಂತು ಅಂತ ಪ್ರತಿಯೊಂದರಲ್ಲೂ ಇದೆ. ಏನು ಹೋಯಿತು ಅಂತ ಒಂದರಲ್ಲೂ ಇಲ್ಲ. ಇವತ್ತು ನನ್ನ ತಕರಾರು ಇಷ್ಟೇ.

ಪಾಲಿಮರ್ ಅಂದರೆ ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಉದ್ದನೆ ಸರಪಳಿ ಅಂತ ಈ ಸಭೆಗೆ ವಿವರಿಸಬೇಕಾಗಿಲ್ಲ. ಆದರೆ ಇದನ್ನು ನೈಲಾನ್ ಬಂದ ಮೇಲಿನ ವಿದ್ಯೆ ಅಂತ ತಿಳಿಯಬೇಡಿ. ಇಲ್ಲಿಂದ ಚಳ್ಳಕೆರೆ ಕಡೆ ಹೋಗಿ, ಕುರಿ ಉಣ್ಣೆಯ ಕಂಬಳಿ ನೇಯುವವರನ್ನು ನೋಡಿ. ಮಗ್ಗಕ್ಕೆ ಏರಿಸುವ ಮುಂಚೆ ಹಾಸು ನೂಲಿಗೆ, ಅಂದರೆ ಉದ್ದದ ಎಳೆಗಳಿಗೆ, ಹುಣಸೆಬೀಜದ ಸರಿ ಬಳಿಯುತ್ತಾರೆ. ಬೀಜ ಹುರಿದು, ಸಿಪ್ಪೆ ತೆಗೆದು, ಅರೆದು, ಬೇಯಿಸಿ ಮಾಡಿದ ಗಟ್ಟಿ ಅಂಟು. ಅದು ಸಾಕ್ಷಾತ್ ಪಾಲಿಮರ್. ಸಕ್ಕರೆಯ ಅಣುಗಳು ಸಾಲಾಗಿ ಕೂತ ಉದ್ದನೆ ಸರಪಳಿ. ನೂಲಿನ ಜುಂಗು ಕೂರುತ್ತದೆ, ನೇಯುವಾಗ ಎಳೆ ಹರಿಯುವುದಿಲ್ಲ, ಕಂಬಳಿ ನೆಟ್ಟಗೆ ನಿಲ್ಲುತ್ತದೆ. ಹೋಗಿದ್ದೇನು? ಮೃದುತ್ವ. ಹೊಸ ಕಂಬಳಿ ಹೊದ್ದವರಿಗೆ ಗೊತ್ತು. ನಾಲ್ಕು ಸಲ ನೆನೆದು ಒಣಗಿದ ಮೇಲೆ ಆ ಸರಿ ಬಿಟ್ಟುಹೋಗುತ್ತದೆ, ಕಂಬಳಿ ಮೆತ್ತಗಾಗುತ್ತದೆ. ಅಂದರೆ ಈ ಕೋಟಿಂಗು ತನ್ನ ಕೆಲಸ ಮುಗಿದ ಮೇಲೆ ತಾನೇ ಹೋಗುತ್ತದೆ, ಹೋದ ಜಾಗದಲ್ಲಿ ಹುಲ್ಲು ಸಾಯುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಮ್ಯಾಕಿಂತೋಷ್, ರಬ್ಬರ್ ಹಾಕಿದ ಮಳೆ ಅಂಗಿಗೆ ಹೆಸರು ಕೊಟ್ಟವನು. ಈ ಕಥೆ ಹೇಳದೆ ನಾನು ಯಾವ ಉಪನ್ಯಾಸವನ್ನೂ ಮುಗಿಸುವುದಿಲ್ಲ ಅಂತ ನನ್ನ ಹಳೆ ಸಹೋದ್ಯೋಗಿಗಳು ತಮಾಷೆ ಮಾಡುತ್ತಾರೆ. ಮಾಡಲಿ. ಇದು ದಾವಣಗೆರೆ. ಹತ್ತಿ ಗಿರಣಿಗಳು ಜೋರಾಗಿದ್ದ ಕಾಲದಲ್ಲಿ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ನಮ್ಮ ಕಥೆಯೂ ಕೊನೆಗೆ ಮ್ಯಾಂಚೆಸ್ಟರಿಗೇ ಹೋಗುತ್ತದೆ.

ಚಾರ್ಲ್ಸ್ ಮ್ಯಾಕಿಂತೋಷ್ ಗ್ಲಾಸ್ಗೋದವನು. ಅವನಿಗೆ ಮಳೆ ಅಂಗಿಯ ಯೋಚನೆಯೇ ಇರಲಿಲ್ಲ. ಅವರ ಮನೆತನದ ಕಸುಬು ಬಣ್ಣ ತಯಾರಿಕೆ. ಒಂದು ಬಗೆಯ ಕಲ್ಲುಹೂವಿನಿಂದ ನೇರಳೆ ಬಣ್ಣ ತೆಗೆಯುತ್ತಿದ್ದರು, ಅದಕ್ಕೆ ಅಮೋನಿಯಾ ಬೇಕಿತ್ತು. ಊರಲ್ಲಿ ಆಗತಾನೇ ಬೀದಿ ದೀಪಕ್ಕೆ ಕಲ್ಲಿದ್ದಲಿನ ಗ್ಯಾಸ್ ಬಂದಿತ್ತು. ಗ್ಯಾಸ್ ತೆಗೆದ ಮೇಲೆ ಉಳಿಯುವ ಕೊಳೆನೀರಿನಲ್ಲಿ ಅಮೋನಿಯಾ ಇರುತ್ತದೆ. ಸರಿ, ಅದನ್ನು ಗುತ್ತಿಗೆ ಹಿಡಿದ. ಅದರ ಜೊತೆ ಟಾರೂ ಬಂತು. ಬೇಡ ಅನ್ನೋ ಹಾಗಿಲ್ಲ. ಟಾರು ಕಾಯಿಸಿ ಇಳಿಸಿದರೆ ನಾಫ್ತಾ ಅನ್ನುವ ತೆಳು ಎಣ್ಣೆ ಸಿಗುತ್ತದೆ. ಈ ನಾಫ್ತಾವನ್ನು ಏನು ಮಾಡೋದು?

ಅಷ್ಟರಲ್ಲಿ, 1818ರಲ್ಲಿ, ಎಡಿನ್‌ಬರೋದಲ್ಲಿ ವೈದ್ಯಕೀಯ ಓದುತ್ತಿದ್ದ ಜೇಮ್ಸ್ ಸೈಮ್ ಅನ್ನುವ ಹುಡುಗ ಟಾರಿನಿಂದ ತೆಗೆದ ಇಂಥದೇ ದ್ರವದಲ್ಲಿ ರಬ್ಬರ್ ಕರಗುತ್ತದೆ ಅಂತ ಕಂಡುಕೊಂಡಿದ್ದ. ಪೇಟೆಂಟ್ ಮಾಡಿಸಲಿಲ್ಲ. ಮುಂದೆ ದೊಡ್ಡ ಶಸ್ತ್ರವೈದ್ಯನಾದ, ಅವನಿಗೇನೂ ನಷ್ಟವಾಗಲಿಲ್ಲ ಬಿಡಿ. ಮ್ಯಾಕಿಂತೋಷ್ ಮಾತ್ರ 1823ರಲ್ಲಿ ಪೇಟೆಂಟ್ ಪಡೆದ. ಕರಗಿದ ರಬ್ಬರನ್ನು ಒಂದು ಬಟ್ಟೆಗೆ ಬಳಿದು, ಮೇಲೆ ಇನ್ನೊಂದು ಬಟ್ಟೆ ಒತ್ತಿದ. ರಬ್ಬರ್ ಹೊರಗಿದ್ದರೆ ಅಂಟುತ್ತದೆ, ಎರಡು ಬಟ್ಟೆಯ ನಡುವೆ ಇದ್ದರೆ ಕೈಗೆ ಮೈಗೆ ತಾಗುವುದಿಲ್ಲ. ಇದನ್ನೇ ನೀವು ಈಗ ಲ್ಯಾಮಿನೇಶನ್ ಅಂತ ಪರೀಕ್ಷೆಯಲ್ಲಿ ಬರೆಯುತ್ತೀರಿ.

ನೀರು ನಿಂತಿತು. ಹೋಗಿದ್ದೇನು ಅಂತ ಪಟ್ಟಿ ಕೇಳಿ. ಚಳಿಗಾಲದಲ್ಲಿ ಅಂಗಿ ಹಲಗೆಯಂತೆ ಸೆಟೆದುಕೊಂಡಿತು. ಬೇಸಿಗೆಯಲ್ಲಿ ಅಂಟಂಟು. ಜೊತೆಗೆ ನಾಫ್ತಾ ವಾಸನೆ. ದರ್ಜಿ ಹೊಲಿದ ಕಡೆಯೆಲ್ಲ ಸೂಜಿ ತೂತಿನಿಂದ ನೀರು ಒಳಗೆ. ಉಣ್ಣೆ ಬಟ್ಟೆಗೆ ಹಾಕಿದರೆ ಉಣ್ಣೆಯ ಜಿಡ್ಡೇ ರಬ್ಬರನ್ನು ಕೆಡಿಸಿತು. ಬೆವರು ಹೊರಗೆ ಹೋಗಲು ದಾರಿ ಇಲ್ಲದೆ, ಹೊರಗಿನ ಮಳೆಗೆ ನೆನೆಯದವನು ಒಳಗಿನ ಬೆವರಿಗೆ ನೆನೆದ. ಆದರೂ ಮ್ಯಾಂಚೆಸ್ಟರಿನಲ್ಲಿ ಕಾರ್ಖಾನೆ ನಡೆಯಿತು. ಗಂಧಕ ಸೇರಿಸಿ ಕಾಯಿಸಿದರೆ ರಬ್ಬರ್ ಚಳಿಗೂ ಬಿಸಿಲಿಗೂ ಜಗ್ಗುವುದಿಲ್ಲ ಅಂತ 1839ರಲ್ಲಿ ಅಮೆರಿಕದ ಗುಡ್‌ಇಯರ್ ಕಂಡುಕೊಂಡ. ಇಂಗ್ಲೆಂಡಿನ ಪೇಟೆಂಟಿಗೆ ಮಾತ್ರ ಮ್ಯಾಕಿಂತೋಷನ ಪಾಲುದಾರ ಹ್ಯಾಂಕಾಕ್ ಮೊದಲು ಅರ್ಜಿ ಹಾಕಿಬಿಟ್ಟ. ಸೆಟೆಯುವುದು, ಅಂಟುವುದು ನಿಂತಿತು. ಬೆವರು? ಅದು ಹಾಗೇ ಉಳಿಯಿತು. ಸೂಜಿ ತೂತೂ ಉಳಿಯಿತು. ಇವತ್ತಿಗೂ ಈ ಎರಡೇ ನಮ್ಮ ತಲೆನೋವು.

ಈಗ ಯಂತ್ರದ ಹತ್ತಿರ ಹೋಗೋಣ. ನಾನು ವರ್ಷಗಟ್ಟಲೆ ಪೀಣ್ಯದಲ್ಲಿ ಒಂದು ಕೋಟಿಂಗ್ ಲೈನಿನ ಪಕ್ಕ ನಿಂತವನು. ಬಟ್ಟೆ ಬಿಗಿಯಾಗಿ ಬರುತ್ತದೆ. ಅಡ್ಡಲಾಗಿ ಒಂದು ಉಕ್ಕಿನ ಅಲಗು. ಅಲಗಿನ ಹಿಂದೆ ಪಾಲಿಮರ್ ಪೇಸ್ಟು, ದೋಸೆ ಹಿಟ್ಟಿನ ಹದಕ್ಕೆ. ಹಿಟ್ಟು ನೀರಾದರೆ ಬಟ್ಟೆಯ ಒಳಗೆ ಇಳಿದು ಹಿಂಬದಿಗೆ ಬರುತ್ತದೆ, ಬಟ್ಟೆ ರಟ್ಟಾಗುತ್ತದೆ. ತೀರಾ ಗಟ್ಟಿಯಾದರೆ ಮೇಲೇ ಕೂರುತ್ತದೆ, ಆಮೇಲೆ ಉಗುರಿಗೆ ಸಿಕ್ಕರೆ ಸುಲಿದು ಬರುತ್ತದೆ. ಅದಕ್ಕೇ ಮೊದಲು ತೆಳುವಾಗಿ ಹಿಡಿತದ ಪದರ, ಒಣಗಿದ ಮೇಲೆ ಇನ್ನೊಂದು. ಛತ್ರಿ ಬಟ್ಟೆಗೆ ಚದರ ಮೀಟರಿಗೆ ಕೆಲವೇ ಗ್ರಾಂ ಸಾಕು. ಲಾರಿ ಟಾರ್ಪಾಲಿಗೆ ನೂರಾರು ಗ್ರಾಂ ಪಿವಿಸಿ ಬೇಕು. ಅಲಗಿನ ಮೇಲೆ ಒಂದು ಕಡ್ಡಿ, ಒಂದು ಗಂಟು ಸಿಕ್ಕಿಕೊಂಡರೆ ಉದ್ದಕ್ಕೂ ಗೆರೆ ಬೀಳುತ್ತದೆ. ಒಳ್ಳೆ ಆಪರೇಟರ್ ಬಟ್ಟೆ ನೋಡುವುದಿಲ್ಲ, ಅಲಗಿನ ಅಂಚಿನಲ್ಲಿ ಪೇಸ್ಟು ಉರುಳುವುದನ್ನು ನೋಡುತ್ತಾನೆ. ಅದು ಒಂದೇ ಸಮನೆ ಉರುಳುತ್ತಿದ್ದರೆ ಅವನು ನಿರಾಳವಾಗಿ ಟೀ ಕುಡಿಯುತ್ತಾನೆ.

ನಮ್ಮಲ್ಲಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಕೇಳುತ್ತಿದ್ದರು: "ಸಾರ್, ನೀರು ಒಂದು ಹನಿ ಇಳೀಬಾರದು, ಗಾಳಿ ಚೆನ್ನಾಗಿ ಆಡಬೇಕು, ರೇಟು ಮಾತ್ರ ಜಾಸ್ತಿ ಆಗಬಾರದು." ಮೂರರಲ್ಲಿ ಎರಡು ಕೊಡಬಹುದು ಅಂದರೆ, ಮೂರನೆಯದನ್ನು ಪಕ್ಕದ ಶೆಡ್ಡಿನವರು ಕೊಡ್ತಾರಂತೆ ಅಂತಿದ್ದರು.

ಇಲ್ಲಿ ಮೂರು ತುಂಡು ತಂದಿದ್ದೇನೆ, ಸಾಲಾಗಿ ದಾಟಿಸಿ. ನೀಲಿ ತುಂಡು ಹಳೆಯ ಬ್ಯಾಗಿನ ಒಳಭಾಗ. ಬೆರಳಿಂದ ಉಜ್ಜಿ ನೋಡಿ, ಬಿಳಿ ಹೊಟ್ಟು ಉದುರುತ್ತದೆ, ಕೆಲವು ಕಡೆ ಅಂಟುತ್ತದೆ. ಬ್ಯಾಗನ್ನು ಯಾರೂ ಒರಟಾಗಿ ಬಳಸಿಲ್ಲ. ಬೀರುವಿನಲ್ಲಿ ಇಟ್ಟಿದ್ದೇ ತಪ್ಪಾಯಿತು. ಒಳಗಿನ ಪದರ ಪಾಲಿಯುರಿಥೇನ್, ಚಿಕ್ಕದಾಗಿ ಪಿಯು, ಅನ್ನುವ ಪಾಲಿಮರ್; ಅದರಲ್ಲೂ ಪಾಲಿಯೆಸ್ಟರ್ ಜಾತಿಯದು, ಗಾಳಿಯ ತೇವವೇ ಅದರ ಸರಪಳಿಯ ಎಸ್ಟರ್ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಮಲೆನಾಡಿನ ಮನೆಗಳಲ್ಲಿ ಇದು ಇನ್ನೂ ಬೇಗ. ನೀರನ್ನು ತಡೆಯಲು ಹಾಕಿದ ಪದರವನ್ನು ನೀರೇ ತಿಂದಿತು, ನೋಡಿ. ಪಾಲಿಈಥರ್ ಜಾತಿಯದು ಹಾಕಿದರೆ ಜಾಸ್ತಿ ವರ್ಷ ತಡೆಯುತ್ತದೆ. ಆದರೆ ಲೇಬಲಿನಲ್ಲಿ ಬರೀ "ಪಿಯು ಕೋಟೆಡ್" ಅಂತ ಇರುತ್ತದೆ. ಯಾವ ಪಿಯು ಅಂತ ಕೇಳುವವರು ನೀವಾಗಬೇಕು.

ಹಸಿರು ತುಂಡು ಉಸಿರಾಡುವ ಜಾಕೆಟ್ಟಿನದು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಕಡ್ಡಿಗಳನ್ನು ಕಾಯಿಸಿ ನಿಧಾನವಾಗಿ ಎಳೆಯುತ್ತಿದ್ದ, ಎಲ್ಲವೂ ಮುರಿದವು. ಸಿಟ್ಟು ಬಂದು ಒಂದನ್ನು ರಪ್ಪನೆ ಎಳೆದ. ಮುರಿಯಲಿಲ್ಲ, ಹತ್ತು ಪಟ್ಟು ಉದ್ದವಾಯಿತು, ಒಳಗೆಲ್ಲ ಸಣ್ಣ ಸಣ್ಣ ರಂಧ್ರ. ನೀರಿನ ಹನಿಗೆ ಆ ರಂಧ್ರ ತೀರಾ ಚಿಕ್ಕದು, ಆವಿಗೆ ಹೆಬ್ಬಾಗಿಲು. ಅದ್ಭುತ, ಒಪ್ಪುತ್ತೇನೆ. ಆದರೆ ಆವಿ ಹೊರಗೆ ಯಾಕೆ ಹೋಗುತ್ತದೆ? ಒಳಗೆ ಆವಿಯ ಒತ್ತಡ ಜಾಸ್ತಿ, ಹೊರಗೆ ಕಡಿಮೆ ಅಂತ. ಚಳಿ ದೇಶದ ಬೆಟ್ಟದಲ್ಲಿ ಸರಿ. ಆಗುಂಬೆಯಲ್ಲಿ ಜುಲೈ ತಿಂಗಳು? ಹೊರಗಿನ ಗಾಳಿಯೂ ಆವಿಯಿಂದ ತುಂಬಿದೆ. ಒಳಗಿನದು ಎಲ್ಲಿಗೆ ಹೋಗಬೇಕು ಪಾಪ? ಸಾವಿರಾರು ರೂಪಾಯಿ ಕೊಟ್ಟ ಜಾಕೆಟ್ಟಿನೊಳಗೆ ಬೆವರಿಳಿಯುತ್ತದೆ. ಅಲ್ಲಿ ಛತ್ರಿಯೇ ವಾಸಿ, ಅದರ ಕೆಳಗೆ ಗಾಳಿಯಾದರೂ ಆಡುತ್ತದೆ. ಹವೆ ನೋಡದೆ ಲೇಬಲಿನ ಅಂಕಿ ನೋಡಿ ಕೊಂಡರೆ ಹೀಗೇ.

ಸೂಜಿ ತೂತಿಗೆ ಬರುತ್ತೇನೆ. 2020, ಕೋವಿಡ್ ವರ್ಷ, ನೆನಪಿದೆಯಲ್ವಾ? ಆಸ್ಪತ್ರೆಯವರು ಮೈತುಂಬ ತೊಡುವ ರಕ್ಷಣೆಯ ಉಡುಪು, ಪಿಪಿಇ ಕವರಾಲ್, ನಮ್ಮ ದೇಶದಲ್ಲಿ ತಯಾರಾಗುತ್ತಲೇ ಇರಲಿಲ್ಲ ಅನ್ನಬೇಕು. ಕೆಲವೇ ತಿಂಗಳಲ್ಲಿ ದಿನಕ್ಕೆ ಲಕ್ಷಗಟ್ಟಲೆ ಹೊಲಿದೆವು, ಆ ಮೇ ಹೊತ್ತಿಗೆ ದೇಶದ ಉತ್ಪಾದನೆಯ ಹತ್ತಿರ ಹತ್ತಿರ ಅರ್ಧದಷ್ಟು ಬೆಂಗಳೂರಿನದೇ. ಪಾಲಿಪ್ರೊಪಿಲೀನ್ ಬಟ್ಟೆ, ಮೇಲೆ ಪಾಲಿಎಥಿಲೀನ್ ಪದರ. ಕೃತಕ ರಕ್ತವನ್ನು ಒತ್ತಡದಲ್ಲಿ ತಾಗಿಸಿ ಹಿಂಬದಿಗೆ ಬರುತ್ತದಾ ಅಂತ ಪರೀಕ್ಷೆ, ಕೊಯಮತ್ತೂರಿನ ಜವಳಿ ಸಂಶೋಧನಾ ಸಂಸ್ಥೆ ಸಿಟ್ರಾದಲ್ಲಿ. ಬಟ್ಟೆ ಏನೋ ಪಾಸಾಗುತ್ತಿತ್ತು, ಸೋರುವುದು ಹೊಲಿಗೆಯಲ್ಲಿ. ಹೊಲಿಗೆ ಮೇಲೆ ಬಿಸಿ ಮಾಡಿ ಅಂಟಿಸುವ ಟೇಪು ಬೇಕು, ಟೇಪು ಇಲ್ಲ! ಆಗ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರು ಜಲಾಂತರ್ಗಾಮಿಗೆ ಬಳಸುವ ಸೀಲಂಟಿನ ಆಧಾರದ ಮೇಲೆ ಒಂದು ಅಂಟು ಮಾಡಿ ಆ ತೂತು ಮುಚ್ಚಿದರು. 1823ರ ಸಮಸ್ಯೆ, 2020ರಲ್ಲಿ. ಇನ್ನು ಬೆವರು. ಆ ಕವರಾಲ್ ಹಾಕಿಕೊಂಡು ಗಂಟೆಗಟ್ಟಲೆ ವಾರ್ಡಿನಲ್ಲಿ ನಿಂತ ನರ್ಸಮ್ಮಂದಿರನ್ನು ಕೇಳಿ, ಬಟ್ಟೆಯಿಂದ ಏನು ಹೋಗಿತ್ತು ಅಂತ ಅವರು ಹೇಳುತ್ತಾರೆ. ನೀರು ಕುಡಿಯದೆ, ಬಾತ್‌ರೂಮಿಗೆ ಹೋಗದೆ ಪಾಳಿ ಮುಗಿಸಿದವರು ಅವರು. ಪೋಸ್ಟರಿನಲ್ಲಿ ಅದಕ್ಕೂ ಒಂದು ಸಾಲು ಬೇಕಲ್ವಾ?

ಚೀಟಿ ಬಂತು. ಹತ್ತು ನಿಮಿಷವಂತೆ. ಐದೇ ಅಂದುಕೊಳ್ಳೋಣ.

ಕೊಳೆ ಹಿಡಿಯದ ಬಟ್ಟೆ ಬಗ್ಗೆ ಹೇಳಲೇಬೇಕು. ಮೇಲ್ಮೈ ಸೆಳೆತ ಅಂದರೆ ಹನಿಯನ್ನು ಗುಂಡಗೆ ಹಿಡಿದಿಡುವ ಬಲ. ನೀರಿನದ್ದು 72, ಎಣ್ಣೆಗಳದ್ದು ಸುಮಾರು 30, ಕೆಲವು ಇನ್ನೂ ಕಡಿಮೆ. ಮಾನ ಮಿಲಿನ್ಯೂಟನ್ ಪ್ರತಿ ಮೀಟರಿಗೆ. ಹನಿ ಉರುಳಿ ಹೋಗಬೇಕಾದರೆ ಬಟ್ಟೆಯ ಮೇಲ್ಮೈ ಶಕ್ತಿ, ಅಂದರೆ ದ್ರವವನ್ನು ತನ್ನತ್ತ ಎಳೆಯುವ ಗುಣ, ಅದಕ್ಕಿಂತ ಚೆನ್ನಾಗಿ ಕೆಳಗಿರಬೇಕು. ಮೇಣ, ಸಿಲಿಕೋನ್ ನೀರನ್ನು ಓಡಿಸುತ್ತವೆ, ಎಣ್ಣೆಯನ್ನು ಓಡಿಸಲಾರವು. ಫ್ಲೋರಿನ್ ಇರುವ ಕೋಟಿಂಗ್ ಮಾತ್ರ ಎರಡನ್ನೂ ಓಡಿಸುತ್ತದೆ. 1953ರಲ್ಲಿ ಅಮೆರಿಕದ 3ಎಂ ಕಂಪನಿಯ ಲ್ಯಾಬಿನಲ್ಲಿ ಒಬ್ಬರ ಟೆನಿಸ್ ಶೂ ಮೇಲೆ ಇಂಥ ದ್ರವ ಚೆಲ್ಲಿತು, ಏನು ಮಾಡಿದರೂ ಹೋಗಲಿಲ್ಲ, ಆ ಜಾಗಕ್ಕೆ ಕೊಳೆಯೂ ಹಿಡಿಯಲಿಲ್ಲ. ಅಲ್ಲಿನ ರಸಾಯನಶಾಸ್ತ್ರಜ್ಞೆ ಪ್ಯಾಟ್ಸಿ ಶರ್ಮನ್ ಗಮನಿಸಿದರು, ಸ್ಕಾಚ್‌ಗಾರ್ಡ್ ಅನ್ನುವ ಕೊಳೆ ತಡೆಯುವ ಕೋಟಿಂಗ್ ಹುಟ್ಟಿತು. "ಏನು ಮಾಡಿದರೂ ಹೋಗಲಿಲ್ಲ" ಅನ್ನುವುದನ್ನು ಅವತ್ತು ಗುಣ ಅಂತ ಹೊಗಳಿದೆವು. ಕಾರ್ಬನ್–ಫ್ಲೋರಿನ್ ಬಂಧ ಮಣ್ಣಿನಲ್ಲೂ ಹೋಗುವುದಿಲ್ಲ, ನೀರಿನಲ್ಲೂ ಹೋಗುವುದಿಲ್ಲ, ನಮ್ಮ ರಕ್ತದಲ್ಲೂ ಸಿಗುತ್ತದೆ. ಆ ಕುಟುಂಬದ ರಾಸಾಯನಿಕಗಳಾದ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ, ಬೇಗ ನಾಶವಾಗದ ವಿಷಗಳಿಗೆ ಕಡಿವಾಣ ಹಾಕುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದವು. ಹುಣಸೆಬೀಜದ ಸರಿ ನೆನಪಿಡಿ ಅಂದಿದ್ದು ಇದಕ್ಕೇ. ನನ್ನ ಅಭಿಪ್ರಾಯ ಕೇಳಿದರೆ, ಶಾಲೆ ಮಕ್ಕಳ ಯೂನಿಫಾರ್ಮಿಗೆ ಎಣ್ಣೆ ಓಡಿಸುವ ಗುಣ ಬೇಕಾಗಿಯೇ ಇಲ್ಲ. ಸಾಂಬಾರಿನ ಕಲೆ ಆದರೆ ಆಗಲಿ, ಒಗೆಯೋಣ. ಆಪರೇಷನ್ ಥಿಯೇಟರಿನ ಗೌನು, ಅಗ್ನಿಶಾಮಕದವರ ಕೋಟು, ಅವು ಬೇರೆ ಲೆಕ್ಕ.

ಕಾರಿನ ಏರ್‌ಬ್ಯಾಗಿನ ನೈಲಾನಿಗೆ ನಿಯೋಪ್ರೀನ್ ರಬ್ಬರ್ ಹೋಗಿ ಸಿಲಿಕೋನ್ ಬಂದಿದ್ದು, ಜೆಡ್ಡಾದ ಹಜ್ ಟರ್ಮಿನಲ್ ಚಾವಣಿಯ ಟೆಫ್ಲಾನ್ ಬಳಿದ ಗಾಜಿನ ಬಟ್ಟೆ, ಎರಡೂ ಬಿಟ್ಟೆ. ಅವುಗಳಲ್ಲಿ ನನ್ನ ತಕರಾರು ಕಡಿಮೆ, ಯಾಕೆಂದರೆ ಅವನ್ನು ಯಾರೂ ತೊಡುವುದಿಲ್ಲ. ವಿದ್ಯುತ್ ಹರಿಯುವ ಕೋಟಿಂಗ್ ಬಗ್ಗೆ ನಿಮ್ಮ ವಿಭಾಗದ ಮುಖ್ಯಸ್ಥರು ನನಗಿಂತ ಚೆನ್ನಾಗಿ ಹೇಳುತ್ತಾರೆ, ಅದನ್ನು ಅವರಿಗೇ ಬಿಡುತ್ತೇನೆ. ಪಾಲಿಯೆಸ್ಟರ್ ಮೇಲೆ ಪಿವಿಸಿ ಕೂತ ಟಾರ್ಪಾಲು ಹರಿದರೆ ಎರಡನ್ನೂ ಬಿಡಿಸುವುದು ಹೇಗೆ ಅನ್ನುವುದು ದೊಡ್ಡ ವಿಷಯ, ಒಂದು ಪ್ರಾಜೆಕ್ಟ್ ಆಗುತ್ತದೆ. ಯಾರಾದರೂ ಕೈಗೆತ್ತಿಕೊಂಡರೆ ಸ್ಯಾಂಪಲ್ ನಾನು ಕೊಡಿಸುತ್ತೇನೆ.

ಎರಡನೇ ಚೀಟಿಯೂ ಬಂತು. ಪ್ರಶ್ನೆಗಳನ್ನು ಊಟದ ಸಾಲಿನಲ್ಲೇ ಕೇಳಿ, ನಾನು ಅಲ್ಲೇ ಇರುತ್ತೇನೆ. ಮೂರನೇ ತುಂಡಿನ ಬಗ್ಗೆ ಹೇಳಲೇ ಇಲ್ಲ. ಅದು ಕವರಾಲಿನ ಹೊಲಿಗೆ, ಒಂದು ಕಡೆ ಟೇಪು ಇದೆ, ಇನ್ನೊಂದು ಕಡೆ ಇಲ್ಲ, ಬೆಳಕಿಗೆ ಹಿಡಿದು ನೋಡಿ. ನೋಡಿದ ಮೇಲೆ ಮೂರನ್ನೂ ಮುಂದಿನ ಬೆಂಚಿಗೆ ದಾಟಿಸಿ, ಮತ್ತೆ ಲ್ಯಾಬಿಗೆ ಕೊಡಬೇಕು. ನಮಸ್ಕಾರ.