ಓಥೋನ ಕಂಚಿನ ನಾಣ್ಯ: ರೋಮಿನಲ್ಲಿಲ್ಲ, ಆಂಟಿಯೋಕಿನಲ್ಲಿದೆ

ಕೇಳುಗರಿಗೆ ನಮಸ್ಕಾರ.

ಕ್ರಿ.ಶ. 69ರಲ್ಲಿ ರೋಮಿನ ಸಿಂಹಾಸನದ ಮೇಲೆ ನಾಲ್ವರು ಕೂತರು. ಎರಡನೆಯವನು ಮಾರ್ಕಸ್ ಸಾಲ್ವಿಯಸ್ ಓಥೋ. ಜನವರಿ 15ರಂದು, ಮೊದಲನೆಯವನಾದ ಗಾಲ್ಬಾನನ್ನು ಕೊಲ್ಲಿಸಿ ಪಟ್ಟಕ್ಕೆ ಬಂದ. ಏಪ್ರಿಲ್ ನಡುವಿಗೆ, ಮೂರನೆಯವನಾದ ವಿಟೆಲಿಯಸ್‌ನ ಸೇನೆಗೆ ಸೋತು ತಾನೇ ಇರಿದುಕೊಂಡು ಸತ್ತ.

ಈ ಮೂರು ತಿಂಗಳಲ್ಲಿ ರೋಮಿನ ಟಂಕಸಾಲೆ ಅವನ ಹೆಸರಲ್ಲಿ ಚಿನ್ನ, ಬೆಳ್ಳಿಯ ನಾಣ್ಯ ಹೊಡೆಯಿತು. ಚಿಲ್ಲರೆ ನಾಣ್ಯಗಳಾದ ಹಿತ್ತಾಳೆಯ ಸೆಸ್ಟರ್ಷಿಯಸ್ಸನ್ನಾಗಲಿ ತಾಮ್ರದ ಆಸ್ ಅನ್ನಾಗಲಿ ಹೊಡೆಯಲಿಲ್ಲ. ಸಂಗ್ರಾಹಕರು ಇವನ್ನೆಲ್ಲ ಒಟ್ಟಾಗಿ ಕಂಚು ಎನ್ನುತ್ತಾರೆ. ಸೆನೇಟ್ ಒಪ್ಪಲಿಲ್ಲ ಎಂಬುದು ಹಳೆಯ ವಿವರಣೆ. ಅದು ಅಷ್ಟು ಗಟ್ಟಿಯಲ್ಲ. ಗಾಲ್ಬಾ ಸತ್ತ ದಿನವೇ ಸೆನೇಟ್ ಓಥೋನಿಗೆ ಅಧಿಕಾರವನ್ನೆಲ್ಲ ಒಪ್ಪಿಸಿತ್ತು. ಗಾಲ್ಬಾನ ಚಿಲ್ಲರೆ ಆಗಲೇ ಧಾರಾಳವಾಗಿತ್ತು, ಸೈನಿಕರ ಕೈಗೆ ಹೋಗಬೇಕಾದದ್ದು ಬೆಳ್ಳಿ. ಈ ಕಾರಣವೇ ಹೆಚ್ಚು ಒಪ್ಪುವಂಥದ್ದು.

ಓಥೋನ ನಿಜವಾದ ಕಂಚಿಗೆ ಪೂರ್ವಕ್ಕೆ ಹೋಗಬೇಕು. ಆಗಿನ ಸಿರಿಯಾದ, ಈಗ ತುರ್ಕಿಯಲ್ಲಿರುವ ಆಂಟಿಯೋಕ್ ನಗರದಲ್ಲಿ ಹೊಡೆದ ನಾಣ್ಯದ ಮುಂಬದಿಯಲ್ಲಿ ಲಾರೆಲ್ ಎಲೆ ಮುಡಿದ ತಲೆ, ಸುತ್ತ ಲ್ಯಾಟಿನ್ ಬರಹ. ಹಿಂಬದಿಯಲ್ಲಿ ಎಲೆಗಳ ಹಾರದೊಳಗೆ 'ಎಸ್ ಸಿ' ಎಂಬ ಎರಡು ದೊಡ್ಡ ಅಕ್ಷರ, ಅಂದರೆ ಸೆನೇಟಿನ ತೀರ್ಮಾನದಂತೆ. ಮತ್ತೇನೂ ಇಲ್ಲ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲೂ ಅವನ ಹೆಸರಲ್ಲಿ ನಾಣ್ಯ ಹೊಡೆದರು, ಅವುಗಳ ಬರಹ ಗ್ರೀಕ್.

ಜೂಲಿಯಸ್ ಸೀಸರ್‌ನಿಂದ ಡೊಮಿಷಿಯನ್‌ವರೆಗಿನ ಹನ್ನೆರಡು ಸೀಸರರ ಕಂಚನ್ನೂ ಸಾಲಾಗಿ ಜೋಡಿಸಬೇಕೆಂಬ ಹಂಬಲ ಸಂಗ್ರಾಹಕರಿಗೆ ಹಿಂದಿನಿಂದಲೂ ಇತ್ತು. ರೋಮಿನ ನಾಣ್ಯಗಳಲ್ಲಿ ಓಥೋನ ಜಾಗ ಮಾತ್ರ ಖಾಲಿ. ಅದನ್ನು ತುಂಬಿದವನು 16ನೇ ಶತಮಾನದಲ್ಲಿ ಇಟಲಿಯ ಪಡುವಾ ಊರಿನ ಅಚ್ಚುಗಾರ ಜೊವಾನ್ನಿ ದ ಕವಿನೊ. ಅವನ ಓಥೋ ಸೆಸ್ಟರ್ಷಿಯಸ್ ಎಷ್ಟು ಚೆನ್ನಾಗಿದೆಯೆಂದರೆ ಆ ಚೆಂದವೇ ಅದನ್ನು ಹಿಡಿದುಕೊಡುತ್ತದೆ: ಬಿಲ್ಲೆ ತೀರಾ ದುಂಡಗೆ, ಅಕ್ಷರಗಳು ಅಳೆದಿಟ್ಟಂತೆ ಸಮ. ಆಮೇಲಿನವರು ಅದರಿಂದಲೇ ಎರಕ ಹೊಯ್ದರು. ಅವುಗಳಲ್ಲಿ ಅಕ್ಷರದ ಅಂಚು ಮೊಂಡು, ಮೈಮೇಲೆ ಸೂಜಿಮೊನೆಯಷ್ಟು ಗಾಳಿಗುಳಿ, ಪಕ್ಕದಲ್ಲಿ ಅರ ಉಜ್ಜಿದ ಗೀರು. ರೋಮಿನ ಸೆಸ್ಟರ್ಷಿಯಸ್ ಮೇಲೆ ಓಥೋನ ಮುಖ ಕಂಡರೆ ಅದು ನಕಲಿಯೇ, ತೂಗಿ ನೋಡುವ ಅಗತ್ಯವೂ ಇಲ್ಲ.

ಆಂಟಿಯೋಕಿನದೆಂದು ಮಾರುವುದರಲ್ಲಿ ಮೋಸ ಇನ್ನೊಂದು ಬಗೆಯದು. ಅದೇ ಮಾದರಿಯ ಬೇರೊಬ್ಬ ಚಕ್ರವರ್ತಿಯ ಸವೆದ ನಾಣ್ಯ ತಂದು, ಉಳಿಯಿಂದ ಹೆಸರು ಕೆತ್ತುತ್ತಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು, ಬೆಳಕು ಪಕ್ಕದಿಂದ ಬೀಳುವಂತೆ ನೋಡಿ. ಹೆಸರಿನ ಸುತ್ತ ಮಾತ್ರ ಲೋಹ ತಗ್ಗಿದ್ದರೆ, ಹಳೆಯ ಕಂಚಿನ ಮೇಲೆ ಕಟ್ಟುವ ಹಸಿರು ಪದರ ಅಲ್ಲಿ ಹರಿದಿದ್ದರೆ ಕೆತ್ತಿದ್ದಾರೆಂದೇ ಲೆಕ್ಕ. ಕೂದಲನ್ನೂ ನೋಡಿ. ಓಥೋ ವಿಗ್ ಹಾಕುತ್ತಿದ್ದನೆಂದು ಸೀಸರರ ಜೀವನ ಬರೆದ ರೋಮನ್ ಲೇಖಕ ಸ್ವೆಟೋನಿಯಸ್ ಹೇಳಿದ್ದಾನೆ. ಅವನ ನಾಣ್ಯಗಳಲ್ಲಿ ಕೂದಲು ಸಾಲುಸಾಲು ಅಲೆಯಾಗಿ ಹಣೆಯವರೆಗೆ ಬರುತ್ತದೆ. ಓಥೋ ಎಂಬ ಹೆಸರಿನ ಕೆಳಗೆ ಬಾಗಿದ ಮೂಗು, ಸುಕ್ಕುಗಟ್ಟಿದ ಕೊರಳು ಕಂಡರೆ ಅದು ಮುದುಕ ಗಾಲ್ಬಾನೇ.