ಮರಳಿ ತಂದು ನೋಡಿದ್ದು ಯಾವಾಗ?

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಸಭಿಕರೇ,

ಬೆಳಗಿನ ಗೋಷ್ಠಿಯಲ್ಲಿ ಫೈರ್‌ವಾಲ್ ಬಗ್ಗೆ, ವೈರಸ್ ತಡೆಯುವ ತಂತ್ರಾಂಶಗಳ ಬಗ್ಗೆ, ಮೋಸದ ಇಮೇಲ್‌ಗಳನ್ನು ಗುರುತಿಸುವ ಬಗ್ಗೆ ತಿಳಿದವರು ವಿವರವಾಗಿ ಮಾತನಾಡಿದ್ದಾರೆ. ಅವೆಲ್ಲ ಬೇಕು. ಆದರೆ ಅವು ಕಳ್ಳ ಒಳಗೆ ಬಾರದಂತೆ ನೋಡಿಕೊಳ್ಳುವ ಮಾತುಗಳು. ಕಳ್ಳ ಬಂದುಬಿಟ್ಟ ಮೇಲೆ, ಅಥವಾ ಕಳ್ಳನೇ ಇಲ್ಲದೆ ನಮ್ಮವರದೇ ಕೈತಪ್ಪಿನಿಂದ ಎಲ್ಲವೂ ಅಳಿಸಿಹೋದ ಮೇಲೆ, ಮರುದಿನ ಬೆಳಿಗ್ಗೆ ಕೆಲಸ ಶುರುಮಾಡುವುದು ಹೇಗೆ ಎಂಬುದು ನನ್ನ ಪಾಲಿಗೆ ಬಂದಿರುವ ವಿಷಯ. ಅದನ್ನು ಒಂದೇ ಪ್ರಶ್ನೆಗೆ ಇಳಿಸಿಕೊಂಡು ಬಂದಿದ್ದೇನೆ: ನಿಮ್ಮ ಸಂಸ್ಥೆಯ ಬ್ಯಾಕಪ್‌ನಿಂದ, ಎಂದರೆ ತೆಗೆದಿಟ್ಟ ಹೆಚ್ಚುವರಿ ಪ್ರತಿಯಿಂದ, ದತ್ತಾಂಶವನ್ನು ಮರಳಿ ತಂದು, ತೆರೆದು, ಸರಿಯಾಗಿದೆಯೇ ಎಂದು ಕೊನೆಯ ಬಾರಿ ನೋಡಿದ್ದು ಯಾವಾಗ?

ಬ್ಯಾಕಪ್ ಇದೆಯೇ ಎಂದು ನಾನು ಕೇಳುತ್ತಿಲ್ಲ. ಆ ಪ್ರಶ್ನೆಗೆ ಎಲ್ಲರೂ ಇದೆ ಎನ್ನುತ್ತಾರೆ, ಮತ್ತು ಯಾರೂ ಸುಳ್ಳು ಹೇಳುತ್ತಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ನನ್ನನ್ನು ತುರ್ತಾಗಿ ಕರೆಸಿಕೊಂಡರು. ಲೆಕ್ಕಪತ್ರ ವಿಭಾಗದ ಕಂಪ್ಯೂಟರಿನಲ್ಲಿ ಪ್ರತಿಯೊಂದು ಫೈಲಿನ ಹೆಸರಿಗೂ ಹಿಂದೆಂದೂ ಕಾಣದ ಬಾಲವೊಂದು ಅಂಟಿಕೊಂಡಿತ್ತು. ಪ್ರತಿ ಫೋಲ್ಡರಿನಲ್ಲೂ ಹಣ ಕೇಳುವ ಒಂದು ಚೀಟಿ ಇತ್ತು. ರ‍್ಯಾನ್ಸಮ್‌ವೇರ್ ಎಂದು, ಅಂದರೆ ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ತಂತ್ರಾಂಶ ಎಂದು, ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವಿಭಾಗದ ಹಿರಿಯ ಸಿಬ್ಬಂದಿಯಾಗಿದ್ದ ಮಹಿಳೆ, "ಗಾಬರಿ ಏನಿಲ್ಲ ಸರ್, ದಿನಾ ಸಾಯಂಕಾಲ ಬ್ಯಾಕಪ್ ತಗೊಂಡೇ ನಾನು ಮನೆಗೆ ಹೋಗೋದು" ಎಂದು ಮೇಜಿನ ಅಂಚಿಗೆ ಕೈ ತೋರಿಸಿದರು. ಅಲ್ಲಿ ಒಂದು ಕಪ್ಪು ಹಾರ್ಡ್ ಡಿಸ್ಕ್ ಇತ್ತು. ಅದರ ಮೇಲೆ ಆಕೆಯದೇ ದುಂಡನೆಯ ಅಕ್ಷರದಲ್ಲಿ ಬರೆದು ಅಂಟಿಸಿದ ಚೀಟಿ, ಪಕ್ಕದಲ್ಲಿ ದಿನಾಂಕ ಹಾಕಿ ಸಹಿ ಮಾಡಿದ ಒಂದು ರಿಜಿಸ್ಟರ್. ನನ್ನ ಕಣ್ಣು ಹೋದದ್ದು ಆ ಡಿಸ್ಕಿನ ಪುಟ್ಟ ನೀಲಿ ದೀಪದ ಕಡೆಗೆ. ಅದು ಮಿನುಗುತ್ತಿತ್ತು. ಎಂದರೆ ಡಿಸ್ಕಿನ ವೈರು ಕಂಪ್ಯೂಟರಿಗೆ ಚುಚ್ಚಿಕೊಂಡೇ ಇತ್ತು, ರಾತ್ರಿಯಿಡೀ ಇತ್ತು, ತಿಂಗಳುಗಟ್ಟಲೆ ಹಾಗೆಯೇ ಇತ್ತು. ತೆರೆದು ನೋಡಿದರೆ ಅದರೊಳಗಿನ ಫೈಲುಗಳಿಗೂ ಅದೇ ಬಾಲ.

ಆಕೆ ರಿಜಿಸ್ಟರಿನ ಪುಟಗಳನ್ನು ಒಂದೊಂದಾಗಿ ಮಗುಚಿ ನನಗೆ ತೋರಿಸಿದರು. ಒಂದು ದಿನವೂ ತಪ್ಪಿರಲಿಲ್ಲ. ಹೇಳಿಕೊಟ್ಟ ಕೆಲಸವನ್ನು ಇಷ್ಟು ನಿಷ್ಠೆಯಿಂದ ಮಾಡಿದವರನ್ನು ನಾನು ಹೆಚ್ಚು ಕಂಡಿಲ್ಲ. ವೈರನ್ನು ಕಿತ್ತಿಡಬೇಕು ಎಂದು ಮಾತ್ರ ಆಕೆಗೆ ಯಾರೂ ಹೇಳಿರಲಿಲ್ಲ. ಇಂದು ನಾನು ಇಲ್ಲಿ ನಿಂತು ಮಾತನಾಡುತ್ತಿರುವುದಕ್ಕೆ ಆ ರಿಜಿಸ್ಟರೇ ಕಾರಣ.

ಇದು ಗೊತ್ತಿಲ್ಲದವರ ಕಥೆಯಾಯಿತು, ತಂತ್ರಜ್ಞರ ಸಂಸ್ಥೆಯಲ್ಲಿ ಹೀಗಾಗುವುದಿಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಗಿಟ್‌ಲ್ಯಾಬ್ ಎಂಬುದು ತಂತ್ರಾಂಶ ಬರೆಯುವವರ ಕೆಲಸವನ್ನೇ ಕಾಪಾಡಿಕೊಡುವ ಸಂಸ್ಥೆ. 2017ರ ಜನವರಿ 31ರ ರಾತ್ರಿ ಅಲ್ಲಿಯ ಎಂಜಿನಿಯರೊಬ್ಬರು ಎರಡನೆಯ ಡೇಟಾಬೇಸ್ ಸರ್ವರಿನಲ್ಲಿದ್ದೇನೆ ಎಂದುಕೊಂಡು ಮುಖ್ಯ ಸರ್ವರಿನಲ್ಲೇ ಅಳಿಸುವ ಆಜ್ಞೆ ಕೊಟ್ಟುಬಿಟ್ಟರು. ಒಂದೆರಡು ಸೆಕೆಂಡುಗಳಲ್ಲಿ ತಪ್ಪು ತಿಳಿದು ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು ಸುಮಾರು 4.5 ಗಿಗಾಬೈಟ್. ಬ್ಯಾಕಪ್‌ಗೆ ಒಂದಲ್ಲ, ಐದು ಏರ್ಪಾಡುಗಳಿದ್ದವು. ದಿನವೂ ಪ್ರತಿ ತೆಗೆಯಬೇಕಾಗಿದ್ದ ಏರ್ಪಾಡು ಆವೃತ್ತಿಗಳ ಹೊಂದಾಣಿಕೆ ತಪ್ಪಿ ಸದ್ದಿಲ್ಲದೆ ಸೋಲುತ್ತಿತ್ತು. ಪ್ರತಿಗಳು ಇರಬೇಕಾಗಿದ್ದ ಜಾಗ ಬರಿದಾಗಿತ್ತು. ಸೋತಾಗ ಎಚ್ಚರಿಸಲು ಇಮೇಲ್ ಹೋಗುತ್ತಿತ್ತು, ಆದರೆ ಕಳುಹಿಸುವವರ ಗುರುತನ್ನು ಖಚಿತಪಡಿಸುವ ಸಹಿ ಅದರಲ್ಲಿಲ್ಲ ಎಂಬ ಕಾರಣಕ್ಕೆ ಮೇಲ್ ಸರ್ವರ್ ಅದನ್ನು ತಿರಸ್ಕರಿಸುತ್ತಿತ್ತು. ಕೆಲವರು ನಗುತ್ತಿದ್ದೀರಿ, ನಗು ಬರುವಂಥದ್ದೇ. ಆದರೆ ನಮ್ಮ ನಮ್ಮ ಕಚೇರಿಗಳ ಎಚ್ಚರಿಕೆಯ ಇಮೇಲ್‌ಗಳು ಯಾರ ಇನ್‌ಬಾಕ್ಸಿಗೆ ಹೋಗುತ್ತಿವೆ, ಆ ವ್ಯಕ್ತಿ ಇನ್ನೂ ಕೆಲಸದಲ್ಲಿದ್ದಾರೆಯೇ ಎಂಬುದನ್ನು ನಾಳೆ ಒಮ್ಮೆ ವಿಚಾರಿಸಿ.

ಕೊನೆಗೆ ಗಿಟ್‌ಲ್ಯಾಬನ್ನು ಉಳಿಸಿದ್ದು, ಬೇರೊಂದು ಪರೀಕ್ಷೆಗಾಗಿ ಸುಮಾರು ಆರು ಗಂಟೆ ಮೊದಲು ಒಬ್ಬರು ಕೈಯಾರೆ ತೆಗೆದಿಟ್ಟಿದ್ದ ಪ್ರತಿ. ಆರು ಗಂಟೆಗಳ ಕೆಲಸ ಹೋಯಿತು, ಸೇವೆ ಸುಮಾರು 18 ಗಂಟೆ ನಿಂತಿತು. ಈ ಎರಡು ಅಂಕಿಗಳನ್ನು ಬೇರೆಬೇರೆಯಾಗಿ ನೆನಪಿಡಿ. ಎಷ್ಟು ಹೊತ್ತಿನ ಕೆಲಸವನ್ನು ಕಳೆದುಕೊಂಡರೆ ತಾಳಿಕೊಳ್ಳಬಲ್ಲೆವು, ಎಷ್ಟು ಹೊತ್ತು ಬಾಗಿಲು ಮುಚ್ಚಿದ್ದರೆ ತಾಳಿಕೊಳ್ಳಬಲ್ಲೆವು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ತಂತ್ರಜ್ಞರಲ್ಲ, ಸಂಸ್ಥೆಯ ಮಾಲೀಕರು. ಆ ಸಂಸ್ಥೆಯವರು ನಡೆದದ್ದನ್ನು ಮುಚ್ಚಿಡಲಿಲ್ಲ, ದುರಸ್ತಿ ಕೆಲಸವನ್ನು ನೇರಪ್ರಸಾರವನ್ನೇ ಮಾಡಿದರು. ಹಾಗಾಗಿ ನಾವು ಅದರಿಂದ ಕಲಿಯುವಂತಾಯಿತು. ಅವರ ಮೇಲೆ ನನಗೆ ಗೌರವವಿದೆ.

ಇನ್ನು ನಾನು ಎಲ್ಲಿ ಹೋದರೂ ಹೇಳದೆ ಬಿಡದ ಕಥೆ. ಮೊದಲೇ ಕೇಳಿದವರು ಕ್ಷಮಿಸಬೇಕು.

2017ರ ಜೂನ್ 27ರಂದು ನಾಟ್‌ಪೆಟ್ಯ ಎಂಬ ದಾಳಿ ಶುರುವಾಯಿತು. ಅದು ಹೊರಟದ್ದು ಉಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುತ್ತಿದ್ದ ಎಮ್‌ಇಡಾಕ್ ಎಂಬ ತಂತ್ರಾಂಶದ ಅಪ್‌ಡೇಟ್ ಮೂಲಕ. ಎಂದರೆ ಯಾರೂ ಸಂಶಯದ ಲಿಂಕ್ ಒತ್ತಿರಲಿಲ್ಲ, ನಂಬಿಕೆಯ ದಾರಿಯಲ್ಲೇ ಅದು ಬಂತು. ಜಗತ್ತಿನ ಅತಿ ದೊಡ್ಡ ಹಡಗು ಸಾಗಣೆ ಸಂಸ್ಥೆಗಳಲ್ಲಿ ಒಂದಾದ ಡೆನ್ಮಾರ್ಕಿನ ಮೆರ್ಸ್ಕ್ ಸಹ ಆ ತಂತ್ರಾಂಶವನ್ನು ಉಕ್ರೇನಿನ ಕಚೇರಿಯಲ್ಲಿ ಬಳಸುತ್ತಿತ್ತು. ಒಂದು ಯಂತ್ರಕ್ಕೆ ತಗುಲಿದ್ದು ಇಡೀ ಜಾಲಕ್ಕೆ ಹರಡಿತು. ಪರದೆಗಳು ಸಾಲುಸಾಲಾಗಿ ಕಪ್ಪಾದವು. ಬಂದರುಗಳಲ್ಲಿ ಕಂಟೇನರ್ ಹೊತ್ತ ಲಾರಿಗಳು ನಿಂತವು. ಹಡಗುಗಳು ಸಮುದ್ರದಲ್ಲಿ ಚೆನ್ನಾಗಿಯೇ ಇದ್ದವು, ಯಾವ ಪೆಟ್ಟಿಗೆಯಲ್ಲಿ ಏನಿದೆ, ಯಾರದು, ಎಲ್ಲಿಗೆ ಹೋಗಬೇಕು ಎಂಬುದು ಮಾತ್ರ ಯಾರಿಗೂ ತಿಳಿಯದಾಯಿತು. ಸಂಸ್ಥೆಯ ದತ್ತಾಂಶ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಲಾರಿಗಳ ಸಾಲನ್ನು ತೋರಿಸುತ್ತೇನೆ.

ಅವರ ಬಳಿ ಹೆಚ್ಚಿನ ಸರ್ವರುಗಳ ಬ್ಯಾಕಪ್ ಇತ್ತು. ಆದರೆ ಯಾರು ಯಾವ ಯಂತ್ರವನ್ನು ಬಳಸಬಹುದು ಎಂದು ನಿರ್ಧರಿಸುವ ಡೊಮೈನ್ ಕಂಟ್ರೋಲರ್ ಎಂಬ ಸರ್ವರುಗಳ ಬ್ಯಾಕಪ್ ಸಿಗಲಿಲ್ಲ. ಅಂಥವು ಬೇರೆಬೇರೆ ದೇಶಗಳಲ್ಲಿ ಸುಮಾರು 150 ಇದ್ದವು. ಒಂದು ಕೆಟ್ಟರೆ ಇನ್ನೊಂದರಿಂದ ತುಂಬಿಕೊಳ್ಳುವಂತೆ ಅವುಗಳನ್ನು ಜೋಡಿಸಲಾಗಿತ್ತು. ಎಲ್ಲವೂ ಒಟ್ಟಿಗೇ ಅಳಿಸಿಹೋಗಬಹುದು ಎಂಬುದನ್ನು ಯಾರೂ ಎಣಿಸಿರಲಿಲ್ಲ. ಮನೆಗೆ ಕೀಲಿಕೈ ನೂರೈವತ್ತಿವೆ, ಆದರೆ ಎಲ್ಲವೂ ಒಂದೇ ಗೂಟಕ್ಕೆ ನೇತುಹಾಕಿವೆ ಎಂದಂತೆ.

ಹುಡುಕಿ ಹುಡುಕಿ ಕೊನೆಗೆ ಒಂದು ಸಿಕ್ಕಿತು, ಘಾನಾ ದೇಶದ ಕಚೇರಿಯಲ್ಲಿ. ದಾಳಿಗೆ ಮುನ್ನ ಅಲ್ಲಿ ಕರೆಂಟ್ ಹೋಗಿತ್ತು. ಹಾಗಾಗಿ ಆ ಯಂತ್ರ ಜಾಲದಿಂದ ಹೊರಗಿದ್ದು ಬದುಕಿಕೊಂಡಿತ್ತು. ಅದರಲ್ಲಿದ್ದದ್ದನ್ನು ಇಂಟರ್ನೆಟ್ ಮೂಲಕ, ದುರಸ್ತಿ ಕೆಲಸ ನಡೆಯುತ್ತಿದ್ದ ಇಂಗ್ಲೆಂಡಿನ ಕಚೇರಿಗೆ ಕಳುಹಿಸೋಣವೆಂದರೆ ಅಲ್ಲಿಯ ಸಂಪರ್ಕದ ವೇಗಕ್ಕೆ ದಿನಗಳೇ ಬೇಕು. ಯಾರಾದರೂ ವಿಮಾನದಲ್ಲಿ ತರಲಿ ಎಂದರೆ ಅಲ್ಲಿಯ ಸಿಬ್ಬಂದಿಯಲ್ಲಿ ಯಾರಿಗೂ ಬ್ರಿಟನ್ ವೀಸಾ ಇಲ್ಲ. ಕೊನೆಗೆ ಒಬ್ಬರು ಆ ಹಾರ್ಡ್ ಡಿಸ್ಕನ್ನು ಹಿಡಿದು ನೈಜೀರಿಯಾಕ್ಕೆ ಹೋಗಿ, ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗೆ ಕೊಟ್ಟರು. ಆ ಇನ್ನೊಬ್ಬರು ಅದನ್ನು ಲಂಡನ್ನಿಗೆ ತಂದರು. ಆ ಡಿಸ್ಕನ್ನು ಜೊತೆಗಿಟ್ಟುಕೊಂಡು ಆರೂವರೆ ಗಂಟೆ ಹಾರಿದವರ ಮನಸ್ಸಿನಲ್ಲಿ ಏನಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮುಂದಿನ ಹತ್ತು ದಿನಗಳಲ್ಲಿ 4,000 ಸರ್ವರುಗಳನ್ನೂ 45,000 ಕಂಪ್ಯೂಟರುಗಳನ್ನೂ ಹೊಸದಾಗಿ ಕಟ್ಟಲಾಯಿತು ಎಂದು ಸಂಸ್ಥೆಯ ಅಧ್ಯಕ್ಷರೇ ಮರುವರ್ಷ ದಾವೋಸ್‌ನ ವಿಶ್ವ ಆರ್ಥಿಕ ವೇದಿಕೆಯ ಸಭೆಯಲ್ಲಿ ಹೇಳಿದರು. ನಷ್ಟ 25ರಿಂದ 30 ಕೋಟಿ ಡಾಲರ್ ಎಂದು ಸಂಸ್ಥೆ ಅಂದಾಜಿಸಿತ್ತು.

ಇಷ್ಟು ಉದ್ದಕ್ಕೆ ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಘಾನಾದ ಸರ್ವರ್ ಉಳಿದದ್ದೂ, ನಮ್ಮ ಲೆಕ್ಕಪತ್ರ ವಿಭಾಗದ ಕಪ್ಪು ಡಿಸ್ಕ್ ಹಾಳಾದದ್ದೂ ಒಂದೇ ಕಾರಣಕ್ಕೆ. ಒಂದರ ಸಂಪರ್ಕ ಕಡಿದಿತ್ತು, ಇನ್ನೊಂದರ ಸಂಪರ್ಕ ಇತ್ತು. ಮೂಲವನ್ನು ಹಾಳುಮಾಡುವ ಕೈಗೆ ಎಟುಕುವ ಪ್ರತಿ ಮೂಲದ ಜೊತೆಗೇ ಹೋಗುತ್ತದೆ. ಮೆರ್ಸ್ಕ್‌ನಲ್ಲಿ ಕರೆಂಟ್ ಹೋದದ್ದು ಮಾಡಿದ ಕೆಲಸವನ್ನು ನಾವು ಬೇಕೆಂದೇ, ಯೋಜಿಸಿ ಮಾಡಬೇಕು.

ಕ್ಲೌಡ್‌ನಲ್ಲಿ, ಎಂದರೆ ಇಂಟರ್ನೆಟ್ ಮೂಲಕ ಬೇರೊಂದು ಸಂಸ್ಥೆಯ ಯಂತ್ರಗಳಲ್ಲಿ, ಇಟ್ಟಿದ್ದೇವಲ್ಲ ಎನ್ನುವವರಿಗೂ ಇದೇ ಮಾತು. ಕೋಡ್ ಸ್ಪೇಸಸ್ ಎಂಬ ಸಂಸ್ಥೆ ತನ್ನ ದತ್ತಾಂಶವನ್ನೂ ಬ್ಯಾಕಪ್‌ಗಳನ್ನೂ ಕ್ಲೌಡ್‌ನಲ್ಲೇ ಇಟ್ಟಿತ್ತು. 2014ರ ಜೂನ್‌ನಲ್ಲಿ ಒಬ್ಬ ದಾಳಿಕೋರನಿಗೆ ಅದರ ನಿಯಂತ್ರಣ ಫಲಕವೇ ಸಿಕ್ಕಿಬಿಟ್ಟಿತು. ಹಣ ಕೇಳಿದ, ಸಂಸ್ಥೆಯವರು ಫಲಕವನ್ನು ಮರಳಿ ವಶಕ್ಕೆ ತೆಗೆದುಕೊಳ್ಳಲು ಹೋದಾಗ ಅವನು ಒಂದೊಂದಾಗಿ ಅಳಿಸತೊಡಗಿದ. ಸುಮಾರು 12 ಗಂಟೆಗಳಲ್ಲಿ ಹೆಚ್ಚಿನದೆಲ್ಲ ಹೋಯಿತು, ಸಂಸ್ಥೆ ಬಾಗಿಲು ಮುಚ್ಚಿತು. ದಾಳಿಕೋರನೇ ಇಲ್ಲದೆಯೂ ಹೀಗಾಗುತ್ತದೆ: 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಕ್ಲೌಡ್ ಸೇವೆ ಕೊಡುವ ಓವಿಎಚ್ ಸಂಸ್ಥೆಯ ಡೇಟಾ ಸೆಂಟರ್ ಕಟ್ಟಡವೊಂದು ಸುಟ್ಟುಹೋಯಿತು, ಕೆಲವು ಗ್ರಾಹಕರ ಮೂಲವೂ ಬ್ಯಾಕಪ್ಪೂ ಒಂದೇ ಕಡೆ ಇದ್ದದ್ದರಿಂದ ಎರಡೂ ಬೂದಿಯಾದವು. ಛಾಯಾಗ್ರಾಹಕರೊಬ್ಬರು ತಮ್ಮ ಚಿತ್ರಗಳಿಗಾಗಿ ರೂಪಿಸಿಕೊಂಡ ಮೂರು-ಎರಡು-ಒಂದು ಎಂಬ ನಿಯಮ ನಿಮಗೆಲ್ಲ ಗೊತ್ತಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಅದಕ್ಕೆ ಇಂದು ನಾನು ಸೇರಿಸುವುದು ಇಷ್ಟೇ, ಆ ಒಂದು ಪ್ರತಿಯ ಪಾಸ್‌ವರ್ಡ್ ಕೂಡ ಬೇರೆಯಾಗಿರಲಿ, ಅದನ್ನು ಬಲ್ಲವರೂ ಬೇರೆಯವರಾಗಿರಲಿ, ಮತ್ತು ನಿಗದಿತ ಅವಧಿಯವರೆಗೆ ಯಾರೂ ಅಳಿಸಲಾಗದಂತೆ ಬೀಗ ಹಾಕುವ ಸೌಲಭ್ಯವಿದ್ದರೆ ಅದನ್ನು ಬಳಸಿ.

ಹಣ ಕೊಟ್ಟು ಬಿಡಿಸಿಕೊಂಡರಾಯಿತಲ್ಲ ಎಂಬ ಮಾತನ್ನು ಮಧ್ಯಾಹ್ನ ಊಟದ ಹೊತ್ತಿನಲ್ಲೂ ಒಬ್ಬರು ನನಗೆ ಹೇಳಿದರು. ನಾಟ್‌ಪೆಟ್ಯದ ಪರದೆಯ ಮೇಲೂ ಹಣ ಕೇಳುವ ಬರಹವಿತ್ತು. ಆದರೆ ಹಣ ಪಡೆದವನಿಗೂ ಬಿಡಿಸಿಕೊಡಲು ಸಾಧ್ಯವಿಲ್ಲದಂತೆ ಅದನ್ನು ರಚಿಸಲಾಗಿತ್ತು. 2021ರ ಮೇ ತಿಂಗಳಲ್ಲಿ ಕೊಳವೆಗಳಲ್ಲಿ ಇಂಧನ ಸಾಗಿಸುವ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಸಂಸ್ಥೆ ಇಂಥ ದಾಳಿಗೆ ಸಿಕ್ಕಿ ಸುಮಾರು 44 ಲಕ್ಷ ಡಾಲರ್ ಕೊಟ್ಟಿತು. ಫೈಲುಗಳನ್ನು ಬಿಡಿಸಿಕೊಳ್ಳಲು ಸಿಕ್ಕಿದ ತಂತ್ರಾಂಶ ಎಷ್ಟು ನಿಧಾನವಾಗಿತ್ತೆಂದರೆ, ಹಣ ಕೊಟ್ಟ ಮೇಲೂ ಅವರು ತಮ್ಮ ಬ್ಯಾಕಪ್‌ನಿಂದಲೇ ಮರಳಿ ತಂದುಕೊಳ್ಳಬೇಕಾಯಿತು ಎಂದು ವರದಿಯಾಗಿದೆ. ನಾರ್ವೆಯ ನೋರ್ಸ್ಕ್ ಹೈಡ್ರೋ ಎಂಬ ಅಲ್ಯೂಮಿನಿಯಂ ಸಂಸ್ಥೆ 2019ರ ಮಾರ್ಚ್‌ನಲ್ಲಿ ದಾಳಿಗೆ ಸಿಕ್ಕಿದಾಗ ಹಣ ಕೊಡುವುದಿಲ್ಲ ಎಂದು ಮೊದಲೇ ನಿರ್ಧರಿಸಿತು. ಕಾರ್ಖಾನೆಗಳನ್ನು ಕೈಯಿಂದಲೇ ನಡೆಸಿದರು; ಹಳೆಯ ಪದ್ಧತಿ ಬಲ್ಲ ನಿವೃತ್ತ ನೌಕರರು ಸಹಾಯಕ್ಕೆ ಬಂದರು. ಹಾಗೆ ನಿರ್ಧರಿಸುವ ಧೈರ್ಯ ಅವರಿಗೆ ಬಂದದ್ದು ಒಳ್ಳೆಯ ಬ್ಯಾಕಪ್ ಇದ್ದದ್ದರಿಂದ. ಅದೇ ಪ್ರಕರಣದಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ದಾಳಿಕೋರರು ಒಳಗೆ ಬಂದದ್ದು ದಾಳಿಗೆ ಸುಮಾರು ಮೂರು ತಿಂಗಳ ಮೊದಲೇ, ಪರಿಚಯದ ಗ್ರಾಹಕರೊಬ್ಬರಿಂದ ಬಂದ ಇಮೇಲ್ ಮೂಲಕ. ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ ಎನ್ನುತ್ತಾರಲ್ಲ, ಹಾಗೆ. ಆದ್ದರಿಂದ ಒಂದು ವಾರದ ಬ್ಯಾಕಪ್ ಮಾತ್ರ ಇಟ್ಟುಕೊಂಡು ಹಳೆಯದನ್ನು ಅಳಿಸುತ್ತ ಹೋಗುವವರು, ಆ ಏಳೂ ಪ್ರತಿಗಳಲ್ಲಿ ಕಳ್ಳನೂ ಕುಳಿತಿರಬಹುದು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನನ್ನ ಟಿಪ್ಪಣಿಯಲ್ಲಿ ಇನ್ನೂ ನಾಲ್ಕು ವಿಷಯಗಳಿವೆ. ಎರಡನ್ನು ಪೂರ್ತಿ ಬಿಡುತ್ತೇನೆ, ಎರಡನ್ನು ಮುಟ್ಟಿ ಹೋಗುತ್ತೇನೆ.

ಅಪ್‌ಡೇಟ್ ಕುರಿತು: ವಾನ್ನಾಕ್ರೈ ಎಂಬ, ಹಣ ಕೇಳುವ ಇನ್ನೊಂದು ತಂತ್ರಾಂಶದ ದಾಳಿ ನಡೆದದ್ದು 2017ರ ಮೇ 12ರಂದು. ಅದು ಬಳಸಿಕೊಂಡ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಊರು ಕೊಳ್ಳೆ ಹೋದ ಮೇಲೂ ಕೋಟೆ ಬಾಗಿಲು ಹಾಕದವರು ಎಷ್ಟೋ ಮಂದಿ ಇದ್ದರು, ಏಕೆಂದರೆ ಜೂನ್‌ನಲ್ಲಿ ನಾಟ್‌ಪೆಟ್ಯ ಹರಡಿದ ದಾರಿಗಳಲ್ಲಿ ಅದೇ ತೂತೂ ಒಂದು. ಖಾತೆಗಳ ಕುರಿತು: ಕಲೋನಿಯಲ್ ಪೈಪ್‌ಲೈನ್‌ಗೆ ದಾಳಿಕೋರರು ನುಗ್ಗಿದ್ದು ಹೊರಗಿನಿಂದ ಸಂಸ್ಥೆಯ ಜಾಲಕ್ಕೆ ಸೇರಲು ಕೊಟ್ಟಿದ್ದ, ಬಳಕೆಯಲ್ಲಿಲ್ಲದ ಒಂದು ಹಳೆಯ ವಿಪಿಎನ್ ಖಾತೆಯ ಪಾಸ್‌ವರ್ಡ್‌ನಿಂದ, ಅದಕ್ಕೆ ಎರಡನೆಯ ಹಂತದ ಪರಿಶೀಲನೆ ಇರಲಿಲ್ಲ. ಕೆಲಸ ಬಿಟ್ಟುಹೋದವರ ಖಾತೆಗಳನ್ನು ಅದೇ ದಿನ ಮುಚ್ಚಿ.

ಕೊನೆಯದಾಗಿ, ಬರುವ ಸೋಮವಾರ ಮಾಡಬೇಕಾದ ಒಂದು ಕೆಲಸ. ಕಳೆದ ತಿಂಗಳ ಯಾವುದಾದರೂ ಒಂದು ದಿನಾಂಕವನ್ನು ಆರಿಸಿ. ಆ ದಿನದ ಲೆಕ್ಕಪತ್ರವನ್ನು ಬ್ಯಾಕಪ್‌ನಿಂದ ಮರಳಿ ತಂದು, ಎಂದಿನ ಯಂತ್ರವನ್ನು ಬಿಟ್ಟು ಬೇರೆ ಕಂಪ್ಯೂಟರಿನಲ್ಲಿ ತೆರೆಯಲು ಹೇಳಿ. ಬ್ಯಾಕಪ್ ತೆಗೆಯುವವರೇ ಅದನ್ನು ಮಾಡಬಾರದು, ಇನ್ನೊಬ್ಬರು ಮಾಡಬೇಕು. ಬರೆದಿಟ್ಟ ಸೂಚನೆಯನ್ನು ಮಾತ್ರ ಓದಿಕೊಂಡು ಮಾಡಬೇಕು. ಆ ಸೂಚನೆ ಕಾಗದದ ಮೇಲಿರಲಿ, ಯಾರಿಗೆ ಫೋನ್ ಮಾಡಬೇಕು ಎಂಬ ಪಟ್ಟಿಯೂ ಕಾಗದದ ಮೇಲಿರಲಿ, ಏಕೆಂದರೆ ಮೆರ್ಸ್ಕ್‌ನ ಸಿಬ್ಬಂದಿಯ ಫೋನುಗಳಲ್ಲಿದ್ದ ಸಂಪರ್ಕ ಸಂಖ್ಯೆಗಳೂ ಆ ದಿನ ಮಾಯವಾಗಿದ್ದವು. ಶುರುಮಾಡಿದ ಹೊತ್ತು, ಫೈಲು ತೆರೆದ ಹೊತ್ತು, ಎರಡನ್ನೂ ಬರೆದುಕೊಳ್ಳಿ. ಫೈಲು ತೆರೆಯದೇ ಹೋದರೆ ಯಾರನ್ನೂ ಬೈಯಬೇಡಿ; ಅವತ್ತು ತಿಳಿದದ್ದು ಪುಣ್ಯ ಎಂದುಕೊಂಡು ಸರಿಪಡಿಸಿ, ಮುಂದಿನ ಸೋಮವಾರ ಮತ್ತೆ ಮಾಡಿ.

ಆ ಲೆಕ್ಕಪತ್ರ ವಿಭಾಗದ ಮಹಿಳೆಯ ರಿಜಿಸ್ಟರಿನಲ್ಲಿ ಈಗ ಎರಡು ಕಾಲಮ್‌ಗಳಿವೆ. ಮೊದಲನೆಯದು ಬ್ಯಾಕಪ್ ತೆಗೆದ ದಿನಾಂಕ, ಅದು ಹಿಂದೆಯೂ ಇತ್ತು. ಎರಡನೆಯದರ ತಲೆಬರಹ, ಮರಳಿ ತಂದು ನೋಡಿದ ದಿನಾಂಕ. ವೈರು ಆಕೆಯ ಡ್ರಾಯರಿನಲ್ಲಿರುತ್ತದೆ, ಬೀಗ ಹಾಕಿ.

ನಮಸ್ಕಾರ.